ಹಲ್ಲಿನ ಕ್ಲಿನಿಕ್ ತಪಾಸಣೆ: ಫೈಲ್ ಆಮೇಲೆ, ಮೊದಲು ಹ್ಯಾಂಡ್‌ಪೀಸ್ ಎಣಿಸಿ

ನಿಮ್ಮ ಪ್ರಶ್ನೆ ಇಷ್ಟು: ಹೊಸದಾಗಿ ಹಲ್ಲಿನ ಕ್ಲಿನಿಕ್ ತೆರೆದಿದ್ದೀರಿ. ಮುಂದಿನ ತಿಂಗಳು ಸುರಕ್ಷತೆ, ಚಿಕಿತ್ಸೆಯ ಗುಣಮಟ್ಟ ನೋಡಲು ತಪಾಸಣೆ ಬರುತ್ತದೆ. ನಾಲ್ಕು ಫೈಲ್ ತುಂಬ ಕಾಗದ ಜೋಡಿಸಿಟ್ಟಿದ್ದೀರಿ. ಇನ್ನೇನು ಬೇಕು?

ಡಾಕ್ಟ್ರೇ, ಇಂಥ ತಪಾಸಣೆ ತಂಡದಲ್ಲಿ ನಾನು ಹತ್ತು ವರ್ಷ ಇದ್ದೆ. ಫೈಲ್ ನೋಡುತ್ತಿದ್ದದ್ದು ಕೊನೆಗೆ. ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಹ್ಯಾಂಡ್‌ಪೀಸ್ ಎಷ್ಟಿವೆ?" ಅಂದರೆ ಹಲ್ಲು ಕೊರೆಯಲು ಡಾಕ್ಟರು ಕೈಯಲ್ಲಿ ಹಿಡಿಯುವ ಯಂತ್ರ.

ಆಮೇಲೆ ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ಲೆಕ್ಕ ಹಾಕುವುದು. ಬೆಳಿಗ್ಗೆ 10ರಿಂದ 1ರ ತನಕ 9 ಜನ ಬಂದಿದ್ದಾರೆ, 7 ಜನಕ್ಕೆ ಹಲ್ಲು ಕೊರೆದಿದ್ದಾರೆ, ಹ್ಯಾಂಡ್‌ಪೀಸ್ ಇರುವುದು 2 ಅಂತಿಟ್ಟುಕೊಳ್ಳಿ. ಆಟೋಕ್ಲೇವ್, ಅಂದರೆ ಬಿಸಿ ಹಬೆಯಿಂದ ಉಪಕರಣದ ಕ್ರಿಮಿ ಕೊಲ್ಲುವ ಯಂತ್ರ, 134 ಡಿಗ್ರಿಯಲ್ಲಿ ನಿಲ್ಲುವುದು 3 ನಿಮಿಷವೇ ಇರಬಹುದು. ಆದರೆ ಒಳಗಿನ ಗಾಳಿ ಎಳೆದು, ಬಿಸಿಯಾಗಿ, ಒಣಗಿ ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಮುಕ್ಕಾಲು ಗಂಟೆ ಆಗಿರುತ್ತದೆ. ಅದಕ್ಕೂ ಮುಂಚೆ ತೊಳೆದು, ಎಣ್ಣೆ ಬಿಟ್ಟು, ಪೌಚಿಗೆ ಹಾಕಬೇಕು. ಹಾಗಿದ್ದರೆ 2 ಹ್ಯಾಂಡ್‌ಪೀಸ್ 7 ಬಾಯಿಗೆ ಸಾಕಾಗಿದ್ದು ಹೇಗೆ? ಮಧ್ಯೆ ಸ್ಪಿರಿಟ್ ಹಚ್ಚಿ ಒರೆಸಿದ್ದಾರೆ, ಬೇರೆ ಏನೂ ಇಲ್ಲ. ಹ್ಯಾಂಡ್‌ಪೀಸ್ ತಿರುಗುವುದು ನಿಂತ ಗಳಿಗೆಯಲ್ಲಿ ಎಂಜಲು, ರಕ್ತವನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಸ್ಪಿರಿಟ್ ಹಚ್ಚುವುದು ಹೊರಗೆ. ಫೈಲಿನಲ್ಲಿ ಎಷ್ಟೇ ಚೆಂದದ ನಿಯಮಾವಳಿ ಇರಲಿ, ಈ ಲೆಕ್ಕ ಕೂಡದಿದ್ದರೆ ಅದನ್ನು ಓದುವ ಆಸೆ ನನಗೆ ಇರುತ್ತಿರಲಿಲ್ಲ.

ಲೆಕ್ಕ ಕೂಡಿತು ಅನ್ನಿ. ಆಗ ಬಳಸಿದ ಒಂದು ಉಪಕರಣದ ಬೆನ್ನು ಹತ್ತುತ್ತಿದ್ದೆ. ಕುರ್ಚಿ ಪಕ್ಕದ ಟ್ರೇಯಿಂದ ಸಿಂಕಿಗೆ, ಅಲ್ಲಿಂದ ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಗೆ, ಆಮೇಲೆ ಆಟೋಕ್ಲೇವಿಗೆ. ಕೊಳೆಯಾದದ್ದು ಬರುವ ದಾರಿ, ಶುದ್ಧವಾದದ್ದು ಹೋಗುವ ದಾರಿ ಎಲ್ಲೂ ಅಡ್ಡ ಹಾಯಬಾರದು. ತೊಳೆದಿಟ್ಟ ಸ್ಕೇಲರ್ (ಹಲ್ಲಿನ ಪಾಚಿ ಕೆರೆಯುವ ಉಪಕರಣ) ಎತ್ತಿ, ದೀಪ ಇರುವ ಭೂತಗನ್ನಡಿಯಲ್ಲಿ ಅದರ ಕುತ್ತಿಗೆ ನೋಡಿ. ಕಂದು ಗೆರೆಯಂಥ ಒಣ ರಕ್ತ ಅಂಟಿದ್ದರೆ ಆಟೋಕ್ಲೇವ್ ಕೂಡ ನೆಚ್ಚುವಂತಿಲ್ಲ, ಆ ಕೊಳೆಯ ಅಡಿಗೆ ಹಬೆ ಸರಿಯಾಗಿ ತಲುಪುವುದಿಲ್ಲ. ಅಲ್ಟ್ರಾಸಾನಿಕ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಅಲ್ಯೂಮಿನಿಯಂ ಫಾಯಿಲ್ ಚೂರೊಂದನ್ನು ನೀರಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಅದರ ತುಂಬ ಸಣ್ಣ ತೂತು, ಗುಳಿ ಸಮನಾಗಿ ಬೀಳಬೇಕು. ಒಂದು ಮೂಲೆ ಹಾಗೇ ನುಣ್ಣಗೆ ಉಳಿದರೆ ಅಲ್ಲಿ ಏನೂ ತೊಳೆಯುತ್ತಿಲ್ಲ ಅಂತ ಅರ್ಥ.

ಹ್ಯಾಂಡ್‌ಪೀಸ್ ಒಳಗೆ ಟೊಳ್ಳು, ಪೌಚಿನಲ್ಲಿ ಬೇರೆ ಇರುತ್ತದೆ. ಅದಕ್ಕೇ ಮೊದಲು ಗಾಳಿ ಎಳೆದು ನಿರ್ವಾತ ಮಾಡುವ ಬಿ ಕ್ಲಾಸ್ ಆಟೋಕ್ಲೇವ್ ಬೇಕು. ಪೌಚಿನ ಮೇಲಿನ ಗುರುತು ಬಣ್ಣ ಬದಲಾಯಿಸಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಬಿಸಿ ತಾಗಿತು ಅಂತ ಹೇಳುತ್ತದೆ, ಕ್ರಿಮಿ ಸತ್ತವು ಅಂತ ಹೇಳುವುದಿಲ್ಲ. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಣ ಒಳಗಿಟ್ಟು, ಸತ್ತವಾ ಅಂತ ನೋಡುವ ಪರೀಕ್ಷೆ) ಮಾಡುವುದು ಆ ಖಾತ್ರಿಗೆ. ಒಂದು ಕ್ಲಿನಿಕ್ಕಿನ ಆಟೋಕ್ಲೇವ್ ರಿಜಿಸ್ಟರ್ ಈಗಲೂ ಕಣ್ಣಿಗೆ ಕಟ್ಟಿದೆ. ಎಲ್ಲ ಸಾಲಿನಲ್ಲೂ ಅದೇ ನೀಲಿ ಇಂಕು, ಅದೇ 134, ಅದೇ ಸಹಿ. ಬಹಳ ಶಿಸ್ತು ಅಂದುಕೊಂಡೆ. ಪುಟ ತಿರುಗಿಸಿದರೆ ನಾಳೆಯದ್ದನ್ನೂ ಬರೆದಾಗಿತ್ತು!

ನೀರಿನ ವಿಷಯ ತುಂಬಾ ಜನ ಮರೆಯುತ್ತಾರೆ. ಕುರ್ಚಿಯಿಂದ ಹ್ಯಾಂಡ್‌ಪೀಸಿಗೆ ಹೋಗುವ ಸಣ್ಣ ಕೊಳವೆಯಲ್ಲಿ ನೀರು ರಾತ್ರಿಯಿಡೀ ನಿಂತು ಒಳಗೋಡೆಗೆ ಲೋಳೆ ಕಟ್ಟುತ್ತದೆ. 2016ರಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ಹಾಲುಹಲ್ಲಿನ ಒಳತಿರುಳಿಗೆ ಚಿಕಿತ್ಸೆ ಮಾಡಿಸಿಕೊಂಡ ಹತ್ತಾರು ಮಕ್ಕಳಿಗೆ ಇಂಥ ನೀರಿನಿಂದಲೇ ಸೋಂಕು ತಗುಲಿತು. ಕ್ಷಯದ ಕ್ರಿಮಿಯ ದಾಯಾದಿಯಾದ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಅದು. ಪ್ರತಿ ರೋಗಿ ಆದಮೇಲೆ 20–30 ಸೆಕೆಂಡು ನೀರು ಹರಿಯಬಿಡಿ. ಆದರೆ ಬರೀ ಹರಿಯಬಿಟ್ಟರೆ ಲೋಳೆ ಹೋಗುವುದಿಲ್ಲ, ಕೊಳವೆಗೆ ಔಷಧಿ ಹಾಕಿ ತೊಳೆಯಬೇಕು, ನೀರನ್ನು ಲ್ಯಾಬಿಗೆ ಕಳಿಸಬೇಕು. ಮಾಮೂಲಿ ಚಿಕಿತ್ಸೆಗೆ ಬಳಸುವ ನೀರಿನಲ್ಲಿ ಮಿಲಿಲೀಟರಿಗೆ 500 ಬ್ಯಾಕ್ಟೀರಿಯಾ ಕಾಲನಿ ದಾಟಬಾರದು. ಶಸ್ತ್ರಚಿಕಿತ್ಸೆಗಂತೂ ಈ ನೀರು ಬೇಡವೇ ಬೇಡ, ಸ್ಟೆರೈಲ್ ಸಲೈನ್ ಬಳಸಿ.

ಎಕ್ಸ್‌ರೇಗೆ ಒಂದೇ ಮಾತು: ಅಸಿಸ್ಟೆಂಟ್ ರೋಗಿಯ ಬಾಯೊಳಗಿನ ಸೆನ್ಸರನ್ನು ಬೆರಳಿನಿಂದ ಹಿಡಿದು ನಿಲ್ಲಬಾರದು. ಹೋಲ್ಡರ್ ಇರುವುದು ಅದಕ್ಕೇ ಅಲ್ವಾ? ಮರವಿಕೆ ಔಷಧಿಯ ದೊಡ್ಡ ಬಾಟಲಿ ಬಳಸುತ್ತೀರಾದರೆ ತೆರೆದ ದಿನ ಅದರ ಮೇಲೆ ಬರೆಯಿರಿ. ತೆರೆದು 28 ದಿನವಾದರೆ ಎಸೆಯಿರಿ. ಒಬ್ಬರಿಗೆ ಚುಚ್ಚಿದ ಸಿರಿಂಜನ್ನು, ಸೂಜಿ ಬದಲಾಯಿಸಿದ್ದೀನಿ ಅಂದುಕೊಂಡು, ಮತ್ತೆ ಅದೇ ಬಾಟಲಿಗೆ ಅದ್ದಬೇಡಿ. ನಿಮ್ಮ ಅಸಿಸ್ಟೆಂಟ್ ಹುಡುಗಿಯರಿಗೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ ನೋಡಿ, ಆಟೋಕ್ಲೇವ್ ಕಂಪನಿ ಕಾಗದಕ್ಕಿಂತ ಮುಂಚೆ ನೋಡಿ.

ತುರ್ತು ಚಿಕಿತ್ಸೆ ಬಗ್ಗೆ ನಾನು ಡಾಕ್ಟರನ್ನು ಕೇಳುತ್ತಲೇ ಇರಲಿಲ್ಲ. ಡಾಕ್ಟರಿಗೆ ಉತ್ತರ ಬಾಯಿಪಾಠ ಇರುತ್ತದೆ. ಅಸಿಸ್ಟೆಂಟನ್ನು ಕೇಳುತ್ತಿದ್ದೆ: "ಇಂಜೆಕ್ಷನ್ ಕೊಟ್ಟ ಮೇಲೆ ಇವರು ಕುರ್ಚಿಯಲ್ಲೇ ಕುಸಿದರು, ಉಸಿರಾಡೋಕೆ ಒದ್ದಾಡ್ತಿದ್ದಾರೆ. ಏನು ತರ್ತೀಯಮ್ಮ?" ಒಂದು ಕಡೆ ಆ ಹುಡುಗಿ ಓಡಿಹೋಗಿ ಆಕ್ಸಿಜನ್ ಸಿಲಿಂಡರ್ ತಂದಳು. ಸಿಲಿಂಡರ್ ತುಂಬಿತ್ತು, ಮಾಸ್ಕ್ ಹೊಸದು. ತಿರುಗಿಸುವ ಸ್ಪ್ಯಾನರ್ ಮಾತ್ರ ಡಾಕ್ಟರ ಕಾರಿನ ಡಿಕ್ಕಿಯಲ್ಲಿತ್ತು. ಡಾಕ್ಟರು ಕಾರಿನ ಹತ್ತಿರ ಹೋಗಿ ಬರುವ ತನಕ ನಾವೆಲ್ಲ ಸುಮ್ನೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದೆವು. ಅಡ್ರಿನಲಿನ್, ಗ್ಲೂಕೋಸ್, ಆಸ್ಪಿರಿನ್, ಸಾಲ್ಬುಟಮಾಲ್ ಎಲ್ಲದರ ಎಕ್ಸ್‌ಪೈರಿ ತಿಂಗಳಿಗೊಮ್ಮೆ ನೋಡಿ. ಸ್ಪ್ಯಾನರನ್ನು ಸಿಲಿಂಡರಿಗೇ ದಾರದಲ್ಲಿ ಕಟ್ಟಿ.

ಚಿಕಿತ್ಸೆಯ ಗುಣಮಟ್ಟ ಅಳೆಯುವುದು ಇನ್ನೂ ಕಷ್ಟ. ನಾನು ಕಣ್ಣುಮುಚ್ಚಿ ಹತ್ತು ರೋಗಿಗಳ ಕಾರ್ಡ್ ಎಳೆಯುತ್ತಿದ್ದೆ. ರಕ್ತ ತೆಳುವಾಗುವ ಮಾತ್ರೆ, ಅಲರ್ಜಿ ಕೇಳಿ ಬರೆದಿದ್ದಾರಾ? ಎಕ್ಸ್‌ರೇ ಯಾಕೆ ತೆಗೆದರು, ಅದರಲ್ಲಿ ಏನು ಕಂಡಿತು? ಬೇರೆ ಯಾವ ದಾರಿ ಇದೆ ಅಂತ ರೋಗಿಗೆ ಹೇಳಿದರಾ, ಇಲ್ಲಾ ಬರೀ ಸಹಿ ಹಾಕಿಸಿಕೊಂಡರಾ? ಹಲ್ಲು ಕಿತ್ತ ಕಾರ್ಡಿನಲ್ಲಿ ಹಲ್ಲಿನ ಸಂಖ್ಯೆ, ಎಕ್ಸ್‌ರೇ, ಒಪ್ಪಿಗೆ ಪತ್ರ ಮೂರೂ ತಾಳೆಯಾಗಬೇಕು. 36 ಅಂದರೆ ಕೆಳಗಿನ ಎಡಗಡೆ ದವಡೆಹಲ್ಲು, 46 ಬಲಗಡೆಯದ್ದು. ಎದುರು ನಿಂತಾಗ ಇದು ಎಷ್ಟು ಸುಲಭವಾಗಿ ಅದಲುಬದಲಾಗುತ್ತದೆ ಅಂತ ನಿಮಗೇ ಗೊತ್ತು. ರೂಟ್ ಕೆನಾಲ್ ಜಾಸ್ತಿ ಮಾಡುವ ಕಡೆ ರಬ್ಬರ್ ಡ್ಯಾಮ್ (ಚಿಕಿತ್ಸೆಯ ಹಲ್ಲಿಗೆ ಎಂಜಲು ತಾಗದಂತೆ ಸುತ್ತ ಹಾಕುವ ರಬ್ಬರ್ ಹಾಳೆ) ಡಬ್ಬಿ ಕೇಳುತ್ತಿದ್ದೆ. ಡಬ್ಬಿಯ ಮೇಲೆ ಧೂಳಿದ್ದರೆ ಮುಂದಿನ ಪ್ರಶ್ನೆ ಬೇಕಿರಲಿಲ್ಲ.

ನಿಮಗೆ ಒಂದು ತಿಂಗಳಿದೆ. ಇವತ್ತು ಸಂಜೆಯೇ ಹ್ಯಾಂಡ್‌ಪೀಸ್ ಲೆಕ್ಕ ಮಾಡಿ. ಕೂಡದಿದ್ದರೆ ಇನ್ನಷ್ಟು ಆರ್ಡರ್ ಮಾಡಿ, ಅವು ಬರುವ ತನಕ ಬೆಳಗಿನ ಅಪಾಯಿಂಟ್‌ಮೆಂಟ್ ಕಡಿಮೆ ಮಾಡಿ. ತಪಾಸಣೆ ದಿನದ ಹೊತ್ತಿಗೂ ಬರಲಿಲ್ಲವಾ? ಆರ್ಡರ್ ಚೀಟಿ ಮತ್ತು ಖಾಲಿ ಬಿಟ್ಟ ಅಪಾಯಿಂಟ್‌ಮೆಂಟ್ ಪುಸ್ತಕ ಎರಡನ್ನೂ ತೋರಿಸಿ. ಬಂದವರು ನಾನಾಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ.