ಹಿಂಬದಿ ದೀಪಕ್ಕೆ ಎಲ್‌ಇಡಿ ಬಲ್ಬು: ಹಿಂದೆ ಬರುವವರ ಕಣ್ಣಿನಿಂದ ನೋಡಿ

ಪ್ರಶ್ನೆ: ನಾನು 2013ರಲ್ಲಿ ಕೊಂಡ ಸಣ್ಣ ಕಾರನ್ನು ಈಗಲೂ ಓಡಿಸುತ್ತಿದ್ದೇನೆ. ಮಳೆಗಾಲದಲ್ಲಿಯೂ ನಸುಕಿನಲ್ಲೇ ಘಟ್ಟ ಇಳಿಯಬೇಕಾದ ಕೆಲಸ ನನ್ನದು. ಹಿಂದಿನ ಬಲಗಡೆಯ ಬ್ರೇಕ್ ಬಲ್ಬು ವರ್ಷಕ್ಕೆ ಎರಡು ಮೂರು ಸಲ ಸುಟ್ಟುಹೋಗುತ್ತದೆ. ಎಲ್‌ಇಡಿ ಬಲ್ಬು ಹಾಕಿದರೆ ಮತ್ತೆ ಈ ಕಡೆ ನೋಡಬೇಕಾಗಿಲ್ಲ ಎಂದು ಬಿಡಿಭಾಗದ ಅಂಗಡಿಯವರು ಹೇಳುತ್ತಾರೆ. ಇದನ್ನು ಮನೆಯಲ್ಲಿ ನಾನೇ ಹಾಕಿಕೊಳ್ಳಬಹುದೇ? ಎಂಥದ್ದನ್ನು ಕೊಳ್ಳಬೇಕು? ಕಾನೂನಿನ ತೊಡಕು ಏನಾದರೂ ಇದೆಯೇ?
– ಓದುಗರು, ಸಾಗರ

ಉತ್ತರ: ಬಲ್ಬು ಬದಲಿಸುವ ಕೆಲಸ ಅರ್ಧ ಗಂಟೆಯದು, ಅದನ್ನು ಖಂಡಿತ ನೀವೇ ಮಾಡಬಹುದು. ಆದರೆ ಹೊಸ ಬಲ್ಬು ಕೊಳ್ಳುವ ಮೊದಲು ಹಳೆಯದು ಏಕೆ ಪದೇಪದೇ ಸುಡುತ್ತಿದೆ ಎಂಬುದನ್ನು ನೋಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. 15ನ್ನು ದಾಟಿದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಿರಿ. ಆಗ ಎಲ್‌ಇಡಿಯೂ ಬಾಳುವುದಿಲ್ಲ. ಆದರೆ ನಿಮ್ಮಲ್ಲಿ ಬಲಗಡೆಯ ಒಂದೇ ಬಲ್ಬು ಹೋಗುತ್ತಿರುವುದರಿಂದ ನನಗೆ ಅನುಮಾನ ಇರುವುದು ಹೋಲ್ಡರಿನ ಮೇಲೆ. ಅದನ್ನು ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿದರೆ ಹಸಿರು ಕಿಲುಬು, ಸಡಿಲಗೊಂಡ ಹಿತ್ತಾಳೆಯ ಪಟ್ಟಿ, ಇಲ್ಲವೇ ರಬ್ಬರ್ ಗ್ಯಾಸ್ಕೆಟ್ ಹರಿದು ನೀರು ಇಳಿದ ಗೆರೆ ಕಾಣಿಸಬಹುದು. ಮಲೆನಾಡಿನ ಮಳೆ ಕಂಡ ಕಾರುಗಳಲ್ಲಿ ಇದು ತೀರ ಸಾಮಾನ್ಯ. ಅದನ್ನು ಸರಿಪಡಿಸದೆ ಎಂಥ ಬಲ್ಬು ಹಾಕಿದರೂ ದುಡ್ಡು ನೀರಿಗೆ ಹಾಕಿದಂತೆ.

ಇನ್ನು ಆಯ್ಕೆಯ ಮಾತು. ಅನೇಕ ಸಣ್ಣ ಕಾರುಗಳ ಹಿಂಬದಿಯಲ್ಲಿ ಒಂದೇ ಬಲ್ಬು ಎರಡು ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಅದನ್ನು ಡಬಲ್ ಕಾಂಟ್ಯಾಕ್ಟ್ ಬಲ್ಬು ಎನ್ನುತ್ತಾರೆ, ಅದರ ಮೇಲೆ ಪಿ21/5ಡಬ್ಲ್ಯೂ ಎಂದು ಅಚ್ಚಾಗಿರುತ್ತದೆ. ಒಳಗಿರುವ ಎರಡು ಫಿಲಮೆಂಟ್‌ಗಳಲ್ಲಿ 5 ವ್ಯಾಟಿನದು ರಾತ್ರಿಯಿಡೀ ಉರಿಯುವ ಟೇಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಇದರ ಬುಡದ ಎರಡು ಮೊಳೆಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ಹಾಗಾಗಿ ತಿರುಗುಮುರುಗಾಗಿ ಕೂರುವುದಿಲ್ಲ. ಇಂಡಿಕೇಟರಿನ ಬಲ್ಬು ಒಂದೇ ಫಿಲಮೆಂಟಿನದು. ಗಾಜೇ ಕಿತ್ತಳೆ ಬಣ್ಣದ್ದಾದರೆ ಅದು ಪಿವೈ21ಡಬ್ಲ್ಯೂ. ನಿಮ್ಮ ಕಾರಿನಿಂದ ತೆಗೆದ ಹಳೆಯ ಬಲ್ಬನ್ನೇ ಜೇಬಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಸುರಕ್ಷಿತ.

ಇಲ್ಲಿ ನಾನು ಸ್ವಲ್ಪ ದೀರ್ಘವಾಗಿ ಹೇಳಬೇಕಾದ ಸಂಗತಿಯೊಂದಿದೆ. ಮೂಲ ಬಲ್ಬಿನಲ್ಲಿ ಬ್ರೇಕಿನ ಫಿಲಮೆಂಟ್ ಸುಮಾರು 440 ಲ್ಯೂಮೆನ್ ಬೆಳಕು ಕೊಟ್ಟರೆ ಟೇಲ್ ಲೈಟಿನದು ಸುಮಾರು 35 ಲ್ಯೂಮೆನ್ ಮಾತ್ರ ಕೊಡುತ್ತದೆ. ಅಂದರೆ ಹನ್ನೆರಡು ಪಟ್ಟಿಗೂ ಹೆಚ್ಚಿನ ಅಂತರ. ಕತ್ತಲಲ್ಲಿ ಹಿಂದೆ ಬರುವವರಿಗೆ ನೀವು ಬ್ರೇಕ್ ತುಳಿದಿರಿ ಎಂದು ತಿಳಿಸುವುದು ಈ ಅಂತರವೇ ಹೊರತು ಬೆಳಕಿನ ಜೋರಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳು ಸೋಲುವುದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ನಾನೇ ಅಂಥದ್ದೊಂದು ಜೊತೆಯನ್ನು ತಂದು ಹಾಕಿದ್ದೆ. ಅಂಗಳದಲ್ಲಿ ನಿಂತು ನೋಡಿದಾಗ ಕೆಂಪು ಕಣ್ಣು ಕುಕ್ಕುತ್ತಿತ್ತು, ಖುಷಿಯೂ ಆಗಿತ್ತು. ಮರುದಿನ ಸಂಜೆ ಮಳೆಯಲ್ಲಿ ಸ್ಕೂಟರಿನಲ್ಲಿ ನನ್ನ ಹಿಂದೆಯೇ ಬಂದ ತಮ್ಮ ಮನೆ ಮುಟ್ಟಿದವನೇ, “ಅಣ್ಣಾ, ನೀನು ಬ್ರೇಕ್ ಹಾಕಿದ್ದು ನಂಗೆ ಒಂದು ಸಲಾನೂ ಗೊತ್ತಾಗ್ಲಿಲ್ಲ, ಕಾರು ಹತ್ತಿರ ಬಂದಾಗ್ಲೇ ಗೊತ್ತಾಗಿದ್ದು” ಎಂದ. ಆ ರಾತ್ರಿಯೇ ಅವನ್ನು ಬಿಚ್ಚಿ ಹಳೆಯ ಬಲ್ಬು ಹಾಕಿದೆ. ಟೇಲ್ ಲೈಟೇ ಬ್ರೇಕಿನಷ್ಟು ಉರಿಯುತ್ತಿದ್ದರೆ ಬ್ರೇಕ್ ತುಳಿದಾಗ ಹೇಳುವುದಕ್ಕೆ ಅದಕ್ಕೆ ಏನೂ ಉಳಿದಿರುವುದಿಲ್ಲ.

ಎರಡನೆಯದು ಬಣ್ಣ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು, ಬಿಳಿಯದನ್ನಲ್ಲ. ಬಿಳಿ ಎಲ್‌ಇಡಿ ಎಂಬುದು ವಾಸ್ತವವಾಗಿ ನೀಲಿ ಬೆಳಕಿನ ಚಿಪ್ಪು. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಬದಲಿಸಿ ಬಿಳಿಯಾಗಿ ಕಾಣುವಂತೆ ಮಾಡುತ್ತದೆ. (ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು.) ಇಂಥ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪು ಗಾಜು ಕೆಂಪನ್ನಷ್ಟೇ ಹೊರಗೆ ಬಿಡುವುದರಿಂದ ಉಳಿದದ್ದೆಲ್ಲ ಒಳಗೇ ವ್ಯರ್ಥವಾಗುತ್ತದೆ, ಹೊರಗೆ ಬರುವುದು ಮಂಕಾದ, ಕೆಲವೊಮ್ಮೆ ಗುಲಾಬಿ ಛಾಯೆಯ ಬೆಳಕು. ಹಳೆಯ ಫಿಲಮೆಂಟಿನ ಬೆಳಕಿನಲ್ಲಾದರೆ ಕೆಂಪು ಧಾರಾಳವಾಗಿರುತ್ತದೆ, ಅದಕ್ಕೇ ಅಲ್ಲಿ ಬಣ್ಣವಿಲ್ಲದ ಬಲ್ಬೂ ಸಾಕಾಗುತ್ತಿತ್ತು. ಇದೇ ಕಾರಣಕ್ಕೆ ಇಂಡಿಕೇಟರಿಗೆ ಕಿತ್ತಳೆ, ರಿವರ್ಸ್ ಲೈಟಿಗೂ ನಂಬರ್ ಪ್ಲೇಟಿನ ದೀಪಕ್ಕೂ ಬಿಳಿ.

ಮೂರನೆಯದು ಬೆಳಕು ಹೊರಡುವ ಜಾಗ. ದೀಪದೊಳಗಿನ ಬೆಳ್ಳಿಬಣ್ಣದ ಬಟ್ಟಲು ಫಿಲಮೆಂಟ್ ಎಲ್ಲಿರುತ್ತದೆಯೋ ಅದಕ್ಕೆ ಲೆಕ್ಕ ಹಾಕಿ ರೂಪಿಸಿದ್ದು. ತುದಿಯಲ್ಲಿ ಮಾತ್ರ ಚಿಪ್ಪುಗಳಿರುವ ಬಲ್ಬು ಹಾಕಿದರೆ ನಡುವೆ ಒಂದು ಚುಕ್ಕೆ ಉರಿಯುತ್ತದೆ, ಸುತ್ತಲಿನ ಬಟ್ಟಲು ಕತ್ತಲಾಗಿಯೇ ಉಳಿಯುತ್ತದೆ, ಪಕ್ಕದಿಂದ ಬರುವವರಿಗೆ ದೀಪ ಕಾಣುವುದಿಲ್ಲ. ಆದ್ದರಿಂದ ಪಕ್ಕಗಳಲ್ಲಿಯೂ ಚಿಪ್ಪುಗಳಿರುವ, ಹಳೆಯ ಬಲ್ಬಿನ ಗಾತ್ರವನ್ನು ಮೀರದ ಬಲ್ಬನ್ನೇ ಆರಿಸಿ.

ಹಾಕುವ ಕ್ರಮ ಸರಳ. ದೀಪಗಳನ್ನೂ ಇಗ್ನಿಷನ್ನನ್ನೂ ಆರಿಸಿ, ಬಲ್ಬು ತಣಿಯಲು ಬಿಡಿ. ಡಿಕ್ಕಿ ತೆರೆದರೆ ದೀಪದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳೋ ಬೋಲ್ಟುಗಳೋ ಕಾಣುತ್ತವೆ. ಅವನ್ನು ಬಿಚ್ಚಿದ ಮೇಲೂ ಹೊರಬದಿಯ ಪ್ಲಾಸ್ಟಿಕ್ ಗೂಟಗಳು ದೀಪವನ್ನು ಹಿಡಿದುಕೊಂಡಿರುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟದೆ ದೀಪವನ್ನು ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ, ಇಲ್ಲದಿದ್ದರೆ ಗೂಟ ಮುರಿಯುತ್ತದೆ. ಹೋಲ್ಡರನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಅದು ಕೈಗೆ ಬರುತ್ತದೆ. ಬಲ್ಬನ್ನು ಒಳಕ್ಕೆ ಒತ್ತಿ, ಒತ್ತಿ ಹಿಡಿದೇ ಎಡಕ್ಕೆ ತಿರುಗಿಸಿ ತೆಗೆಯಿರಿ. ಹೊಸದನ್ನು ಹಾಕಿದ ಮೇಲೆ ಎಲ್ಲವನ್ನೂ ಜೋಡಿಸುವ ಮೊದಲೇ ಟೇಲ್, ಬ್ರೇಕ್ ಎರಡನ್ನೂ ಹಚ್ಚಿ ನೋಡಿ. ಕೊನೆಯಲ್ಲಿ ಗ್ಯಾಸ್ಕೆಟ್ ತನ್ನ ಜಾಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡುವುದನ್ನು ಮಾತ್ರ ಮರೆಯಬೇಡಿ. ಮೊದಲ ಮಳೆಗೇ ಗಾಜಿನೊಳಗೆ ಹಬೆ ಕಟ್ಟುವುದು ಇಲ್ಲಿ ತಪ್ಪಿದಾಗಲೇ.

ನಿಜವಾದ ಪರೀಕ್ಷೆ ಕತ್ತಲಾದ ಮೇಲೆ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹಳೆಯ ಬಲ್ಬು ಇರುವಂತೆಯೇ ಬಿಟ್ಟು ಮನೆಯವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ನೀವು ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲಿ. ಟೇಲ್ ಲೈಟ್ ಹಚ್ಚಿ ಬ್ರೇಕನ್ನು ತುಳಿದು ಬಿಡುತ್ತಿರಲು ಹೇಳಿ. ನೇರವಾಗಿ ನಿಂತು ನೋಡಿ, ಬಳಿಕ ಎಡಕ್ಕೂ ಬಲಕ್ಕೂ ಸರಿದು ನೋಡಿ. ಬದಲಾವಣೆ ಹಳೆಯ ಬಲ್ಬಿನಷ್ಟು ಸ್ಪಷ್ಟವಾಗಿ ಕಾಣದಿದ್ದರೆ ಆ ಎಲ್‌ಇಡಿಯನ್ನು ಅಂಗಡಿಗೆ ಹಿಂದಿರುಗಿಸಿ. ಬೇಸರ ಪಡಬೇಡಿ, ನಾನೂ ಹಿಂದಿರುಗಿಸಿದ್ದೇನೆ.

ಒಳ್ಳೆಯ ಬಲ್ಬು ಸಿಕ್ಕಿದರೆ ಪ್ರಯೋಜನ ನಿಜವಾಗಿಯೂ ಇದೆ. ಫಿಲಮೆಂಟ್ ಕಾದು ಪೂರ್ಣ ಬೆಳಕಿಗೆ ಬರಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ, ಎಲ್‌ಇಡಿ ಕೂಡಲೇ ಹೊತ್ತಿಕೊಳ್ಳುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂದೆ ಬರುವ ವಾಹನ ಅಷ್ಟು ಹೊತ್ತಿನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ. ಅದು ಹೆಚ್ಚುಕಡಿಮೆ ಒಂದು ಕಾರಿನ ಉದ್ದ.

ಕಾನೂನಿನ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಕೊಡಲಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಬಲ್ಬಿನ ವಿವರ ಆ ಪತ್ರದಲ್ಲಿ ಇರುವುದಿಲ್ಲ, ನಿಜ. ಆದರೆ ನಿಮ್ಮ ದೀಪಕ್ಕೆ ಸಿಕ್ಕಿರುವ ಅನುಮೋದನೆ ಫಿಲಮೆಂಟ್ ಬಲ್ಬಿನೊಂದಿಗೆ ಪರೀಕ್ಷಿಸಿ ಕೊಟ್ಟದ್ದು. ಎಲ್‌ಇಡಿ ಹಾಕಿದ ಮೇಲೆ ಆ ಅನುಮೋದನೆ ಅದಕ್ಕೆ ಅನ್ವಯಿಸುತ್ತದೆ ಎನ್ನುವಂತಿಲ್ಲ. ಅಪಘಾತವಾದಾಗ ಈ ಪ್ರಶ್ನೆ ಎದ್ದರೆ ಉತ್ತರ ಹೇಳಬೇಕಾದವರು ನೀವೇ. ಹಾಗಾಗಿ ನಿಮ್ಮ ಕಾರಿಗೆ ನನ್ನ ಸಲಹೆ ಇದು: ಮೊದಲು ಹೋಲ್ಡರ್ ಮತ್ತು ಗ್ಯಾಸ್ಕೆಟ್ ಸರಿಪಡಿಸಿ, ಒಳ್ಳೆಯ ಕಂಪನಿಯ ಫಿಲಮೆಂಟ್ ಬಲ್ಬನ್ನೇ ಹಾಕಿ ಒಂದು ಮಳೆಗಾಲ ನೋಡಿ. ಬಹುಪಾಲು ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಎಲ್‌ಇಡಿಯ ಆಸೆ ಉಳಿದರೆ ರಿವರ್ಸ್ ಲೈಟಿನಿಂದ ಆರಂಭಿಸಿ.

ಪ್ರಶ್ನೆ: ಹಿಂದಿನ ಇಂಡಿಕೇಟರುಗಳಿಗೆ ಎಲ್‌ಇಡಿ ಹಾಕಿದ ದಿನದಿಂದ ಅವು ವಿಪರೀತ ಬೇಗ ಮಿಟುಕುತ್ತಿದ್ದವು. ಗ್ಯಾರೇಜಿನವರು ಚಿನ್ನದ ಬಣ್ಣದ ಒಂದು ಸಣ್ಣ ತುಂಡನ್ನು ತಂತಿಗೆ ಜೋಡಿಸಿ ಸರಿಮಾಡಿದರು. ಈಗ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆ. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಡಿಕ್ಕಿಯ ಪ್ಯಾನೆಲ್ ತೆಗೆದು ಆ ತುಂಡು ಯಾವುದಕ್ಕೆ ತಾಗಿಕೊಂಡಿದೆ ಎಂದು ನೋಡಿ. ಅದು ಲೋಡ್ ರೆಸಿಸ್ಟರ್. ಸಾಮಾನ್ಯವಾಗಿ 6 ಓಮ್, 50 ವ್ಯಾಟಿನದು. ಇಂಡಿಕೇಟರ್ ಹೊತ್ತಿರುವಷ್ಟು ಹೊತ್ತೂ ಅದು 30 ವ್ಯಾಟಿನಷ್ಟು ವಿದ್ಯುತ್ತನ್ನು ಶಾಖವಾಗಿ ಮಾಡಿ ಬಿಡುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಎಂಬುದನ್ನು ನೆನಪಿಸಿಕೊಂಡರೆ ವಾಸನೆ ಎಲ್ಲಿಂದ ಎಂಬುದು ಅರ್ಥವಾದೀತು. ಅದನ್ನು ತಂತಿಗಳ ಕಂತೆಗೆ ಟೇಪು ಸುತ್ತಿ ಕಟ್ಟಿದ್ದರೆ ಇಂದೇ ಬಿಚ್ಚಿಸಿ, ತಾತ್ಕಾಲಿಕವಾಗಿ ಹಳೆಯ ಬಲ್ಬುಗಳನ್ನು ಹಾಕಿಕೊಳ್ಳಿ.

ಬೇಗ ಮಿಟುಕುವುದು ದೋಷವಲ್ಲ, ಕಾರು ಕೊಡುವ ಸೂಚನೆ. 21 ವ್ಯಾಟಿನ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ ಅದರ ಸಣ್ಣ ಪಾಲನ್ನಷ್ಟೇ ಎಳೆಯುತ್ತದೆ. ಇಂಡಿಕೇಟರನ್ನು ಮಿಟುಕಿಸುವ ಸ್ವಿಚ್ಚಾದ ಹಳೆಯ ಫ್ಲ್ಯಾಶರ್ ರಿಲೇ ಇದನ್ನು ಬಲ್ಬು ಸುಟ್ಟಿದೆ ಎಂದು ಬಗೆದು ಚಾಲಕನಿಗೆ ತಿಳಿಸಲೆಂದೇ ವೇಗ ಹೆಚ್ಚಿಸುತ್ತದೆ. ಕಡಿಮೆಯಾದ ಕರೆಂಟನ್ನು ತಾನೇ ಎಳೆಯುವ ರೆಸಿಸ್ಟರ್ ಹಾಕಿದರೆ ರಿಲೇಗೆ ಸುಳ್ಳು ಹೇಳಿದಂತೆ: ನಾಳೆ ಎಲ್‌ಇಡಿ ಕೆಟ್ಟರೂ ನಿಮಗೆ ಸೂಚನೆ ಬರುವುದಿಲ್ಲ. ನಿಮ್ಮ ಕಾರಿನ ರಿಲೇ ಬಿಚ್ಚಿ ತೆಗೆಯುವಂಥದ್ದಾದರೆ ಎಲ್‌ಇಡಿಗೆ ಹೊಂದುವ ರಿಲೇ ಸಿಗುತ್ತದೆ. ಅದರ ಪಿನ್ನುಗಳ ಜೋಡಣೆ ಹಳೆಯದರಂತೆಯೇ ಇದೆಯೇ ಎಂದು ಅಕ್ಷರಗಳನ್ನು ಹೋಲಿಸಿ ನೋಡಿ, ನಿಮಿಷಕ್ಕೆ 60ರಿಂದ 120 ಸಲದೊಳಗೆ ಮಿಟುಕುತ್ತದೆಯೇ ಎಂದು ಗಡಿಯಾರ ಹಿಡಿದು ಎಣಿಸಿ. ಕಾರಿನ ಕಂಟ್ರೋಲ್ ಯೂನಿಟ್ಟೇ ಇಂಡಿಕೇಟರನ್ನು ನಡೆಸುವ ಹೊಸ ಮಾದರಿಯಾದರೆ ಮೂಲ ಬಲ್ಬಿನಲ್ಲೇ ಇರುವುದು ಒಳಿತು.

ಪ್ರಶ್ನೆ: ಎಲ್‌ಇಡಿ ಹಾಕಿದ ಮೇಲೆ ಬ್ರೇಕ್ ತುಳಿದರೆ ರಿವರ್ಸ್ ಲೈಟೂ ಮಂದವಾಗಿ ಹೊತ್ತುತ್ತದೆ. ಬಲ್ಬೇ ಕೆಟ್ಟದ್ದೇ?
– ಓದುಗರು, ಮಂಡ್ಯ

ಉತ್ತರ: ಬಲ್ಬು ಬಹುಶಃ ಸರಿಯಾಗಿಯೇ ಇದೆ, ಕೆಟ್ಟಿರುವುದು ಅರ್ಥಿಂಗ್. ದೀಪದ ಗೂಡಿನಿಂದ ಕಾರಿನ ಲೋಹದ ಮೈಗೆ ಹೋಗುವ ತಂತಿ ತುಕ್ಕು ಹಿಡಿದಾಗ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಅಷ್ಟು ಕಡಿಮೆ ಕರೆಂಟಿಗೆ ಫಿಲಮೆಂಟ್ ಕೆಂಪಗೂ ಆಗುವುದಿಲ್ಲವಾದ್ದರಿಂದ ದೋಷ ಮೊದಲೇ ಇದ್ದರೂ ಕಂಡಿರಲಾರದು. ಒಂದು ಫಿಲಮೆಂಟ್ ಬಲ್ಬನ್ನೇ ಹಾಕಿ ಹೊತ್ತಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ಥಿಂಗ್ ಪಟ್ಟಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಂತಿ ಕಾರಿನ ಮೈಗೆ ಸೇರುವ ಬೋಲ್ಟನ್ನು ಬಿಚ್ಚಿ, ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಪ್ರಶ್ನೆ: ಬ್ರೇಕ್ ತುಳಿದಾಗ ಪಟಪಟ ಮಿನುಗುವ ಎಲ್‌ಇಡಿಗಳು ಸಿಗುತ್ತವೆ. ಹೆಚ್ಚು ಗಮನ ಸೆಳೆಯುವುದರಿಂದ ಅವು ಸುರಕ್ಷಿತವಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಹಾಕಬೇಡಿ. ಹಿಂದೆ ಇರುವವರು ಮಿನುಗುವ ದೀಪವನ್ನು ಇಂಡಿಕೇಟರ್ ಅಥವಾ ನಿಂತ ವಾಹನದ ಹಜಾರ್ಡ್ ಲೈಟ್ ಎಂದು ಓದಿಕೊಳ್ಳುತ್ತಾರೆ. ಈಗಾಗಲೇ ಕೊಂಡಿದ್ದರೆ ಅಂಗಡಿಯಲ್ಲಿ ಕೊಟ್ಟು, ಸ್ಥಿರವಾಗಿ ಉರಿಯುವುದನ್ನು ಬದಲಿಗೆ ಕೇಳಿ.