ಕ್ಯಾಮೆರಾ ಎಲ್ಲಿ ಕೂತಿತ್ತು?

(ಟಿ.ವಿ. ಸಾಕ್ಷ್ಯಚಿತ್ರಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಈ ಸಲ. ಉತ್ತರಿಸುವವರು ಮಲೆನಾಡಿನ ಕಾಡುಗಳಲ್ಲಿ ಬಹುಕಾಲ ವನ್ಯಜೀವಿ ಚಿತ್ರಗಳಿಗೆ ಧ್ವನಿಮುದ್ರಣ ಮಾಡಿ, ಈಗ ತೀರ್ಥಹಳ್ಳಿ ಬಳಿ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ಅಂಕಣಕಾರರು.)

● ಟಿ.ವಿ.ಯಲ್ಲಿ ಹಾವು ಹರಿದರೆ ಸರಸರ, ಹಕ್ಕಿ ಹಾರಿದರೆ ಪಟಪಟ. ಕ್ಯಾಮೆರಾದವರು ಎಲ್ಲೋ ದೂರ ಕೂತಿರುವಾಗ ಮೈಕಿಗೆ ಇದೆಲ್ಲ ಹೇಗೆ ಕೇಳಿಸುತ್ತದೆ? ಅದು ನಿಜವಾದ ಸದ್ದೇನಾ?
— ಗೃಹಿಣಿ, ಕೊಪ್ಪ

ಕೇಳಿಸುವುದಿಲ್ಲ ಅಮ್ಮಾ. ಮುನ್ನೂರು ಅಡಿ ದೂರದಲ್ಲಿ ಉದ್ದನೆಯ ಲೆನ್ಸ್ ಹಾಕಿಕೊಂಡು ಕೂತರೆ ಕಣ್ಣಿಗೆ ಪ್ರಾಣಿ ಪಕ್ಕದಲ್ಲೇ ಇರುತ್ತದೆ, ಕಿವಿಗೆ ಮಾತ್ರ ಅದು ಮುನ್ನೂರು ಅಡಿ ಆಚೆಯೇ. ನಡುವೆ ಜೀರುಂಡೆ, ಹಳ್ಳದ ನೀರು, ಘಾಟಿ ಏರುವ ಲಾರಿ. ಹಾಗಾಗಿ ನೀವು ಕೇಳುವ ಸದ್ದಿನಲ್ಲಿ ಬಹುಪಾಲು ಆಮೇಲೆ ಸೇರಿಸಿದ್ದು. ಒಂದಷ್ಟನ್ನು ನನ್ನಂಥವರು ಅದೇ ಕಾಡಿನಲ್ಲಿ ಬೇರೆ ಹೊತ್ತಿನಲ್ಲಿ ಹಿಡಿದಿರುತ್ತೇವೆ. ಉಳಿದದ್ದನ್ನು ಸ್ಟುಡಿಯೋದಲ್ಲಿ ಫೋಲಿ ಕಲಾವಿದರು ಮಾಡುತ್ತಾರೆ. ಹಿಮಕರಡಿ ಹೆಜ್ಜೆ ಇಟ್ಟಾಗ ಕರಕರ ಅನ್ನುತ್ತದಲ್ಲ, ಅದು ಕಸ್ಟರ್ಡ್ ಪುಡಿಯನ್ನೋ ಕಾರ್ನ್‌ಫ್ಲೋರನ್ನೋ ಚೀಲಕ್ಕೆ ತುಂಬಿ ಹಿಸುಕಿದ ಸದ್ದು.

ನಾವು ಹಿಡಿಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಉಸ್ ಉಸ್ ಅಂತ ಉಗಿಬಂಡಿಯ ಹಾಗೆ ಗಾಳಿ ಸೀಳುವ ಸದ್ದು ಬರುತ್ತದೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆ ಇಟ್ಟಿರುತ್ತದೆ. ಗಂಡು ಹಣ್ಣು ತಂದು ಸಣ್ಣ ಸೀಳಿನಲ್ಲಿ ಕೊಟ್ಟು ಹೋಗುತ್ತದೆ. ಅದು ಬರುವ ದಾರಿ ಗೊತ್ತಾದ ಮೇಲೆ ಬೆಳಗಿನ ಜಾವ, ಜೀರುಂಡೆ ಶುರುವಾಗುವ ಮೊದಲೇ, ಮೈಕನ್ನು ಮರದ ಬುಡದಲ್ಲಿ ಕಟ್ಟಿ ಕೇಬಲ್ ಎಳೆದು ದೂರ ಕೂರಬೇಕು. ಕೆಮ್ಮಬಾರದು. ಇಂಬಳ ಹತ್ತಿದರೂ ಪ್ಯಾಂಟು ಕೊಡವಬಾರದು, ಬಟ್ಟೆಯ ಸದ್ದು ಸೀದಾ ಮೈಕಿಗೆ ಹೋಗುತ್ತದೆ.

ಹಳ್ಳದ ಪಕ್ಕ ಮೈಕಿನ ಆಟ ನಡೆಯುವುದೇ ಇಲ್ಲ. ಅಲ್ಲಿನ ಕಪ್ಪೆಗಳಿಗೂ ಅದೇ ತಾಪತ್ರಯ. ಆಗುಂಬೆ ಕಡೆಯ ತೊರೆಗಳಲ್ಲಿ ಹೆಬ್ಬೆರಳಿಗಿಂತ ಸಣ್ಣ ಕುಣಿಯುವ ಕಪ್ಪೆ ಇದೆ. ನೀರಿನ ಮೊರೆತದಲ್ಲಿ ತನ್ನ ಕೂಗು ಮುಳುಗಿಹೋಗುವುದರಿಂದ ಗಂಡು ಬಂಡೆಯ ಮೇಲೆ ನಿಂತು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ, ಬೀಸಿ ತೋರಿಸುತ್ತದೆ. ಆ ದೃಶ್ಯ ತೆಗೆಯುವಾಗ ನನಗೆ ಕೆಲಸವೇ ಇರಲಿಲ್ಲ!

ಇದು ಮೋಸವೇ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಆ ಪ್ರಾಣಿಯದೇ, ಆ ಕಾಡಿನದೇ ಸದ್ದು ಸೇರಿಸಿದರೆ ನನ್ನ ಲೆಕ್ಕದಲ್ಲಿ ಮೋಸ ಅಲ್ಲ. ಹಳೇ ಹಾಲಿವುಡ್ ಚಿತ್ರಗಳು ಆಫ್ರಿಕಾದ ಕಾಡು ತೋರಿಸಿ ಆಸ್ಟ್ರೇಲಿಯಾದ ಕೂಕಬರ್ರಾ ಹಕ್ಕಿಯನ್ನು ಕೂಗಿಸುತ್ತಿದ್ದವು. ಅದು ಮೋಸ. ಹೆಬ್ಬಾವು ಬಂದ ಕೂಡಲೇ ಡೋಲು ಬಾರಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಾಯಿ ಕೆಡುತ್ತದೆ.

● ಒಂದು ಚಾನೆಲ್‌ನಲ್ಲಿ ಮತ್ಸ್ಯಕನ್ಯೆಯ ಕಳೇಬರ ಸಿಕ್ಕಿದ್ದನ್ನು ವಿಜ್ಞಾನಿಗಳೇ ಹೇಳುವುದನ್ನು ನೋಡಿದೆ. ಕಾಲೇಜಿನಲ್ಲಿ ಹೇಳಿದರೆ ನಗುತ್ತಾರೆ. ಹಾಗಾದರೆ ಡಾಕ್ಯುಮೆಂಟರಿಯನ್ನು ನಂಬಬಾರದೇ?
— ಪಿಯುಸಿ ವಿದ್ಯಾರ್ಥಿನಿ, ಸಾಗರ

ನಗಲಿ ಬಿಡು ಮಗಾ, ನಿನ್ನಂತೆ ನಂಬಿದವರು ಅಮೆರಿಕದಲ್ಲೂ ಬೇಕಾದಷ್ಟಿದ್ದರು. 2012ರಲ್ಲಿ ಅನಿಮಲ್ ಪ್ಲಾನೆಟ್ ಪ್ರಸಾರ ಮಾಡಿದ ಆ ಕಾರ್ಯಕ್ರಮದಲ್ಲಿ ವಿಜ್ಞಾನಿಗಳಾಗಿ ಮಾತಾಡಿದವರು ನಟರು. ಜನ ಕೇಳಿದ್ದಕ್ಕೆ ಅಲ್ಲಿನ ಸರ್ಕಾರದ ಸಾಗರ ಸಂಸ್ಥೆಯೇ ಮತ್ಸ್ಯಕನ್ಯೆಗೆ ಯಾವ ಪುರಾವೆಯೂ ಇಲ್ಲ ಅಂತ ಪ್ರಕಟಣೆ ಕೊಡಬೇಕಾಯಿತು. ಮರುವರ್ಷ ಡಿಸ್ಕವರಿ ಚಾನೆಲ್ ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದುಹೋದ ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆ ಅಂತ ಅದೇ ನಮೂನೆಯ ಇನ್ನೊಂದನ್ನು ಹಾಕಿತು.

ಇದಕ್ಕೂ ಹಳೆಯದು ಲೆಮ್ಮಿಂಗ್ ಕಥೆ. ಉತ್ತರ ಧ್ರುವದ ಕಡೆಯ ಇಲಿಯಂಥ ಈ ಪ್ರಾಣಿಗಳು ಗುಂಪುಗುಂಪಾಗಿ ಸಮುದ್ರಕ್ಕೆ ಹಾರಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅಂತ ನಾವೆಲ್ಲ ಕೇಳಿದ್ದೇವಲ್ಲ, ಅದು ಗಟ್ಟಿಯಾಗಿ ಹಬ್ಬಿದ್ದು ಡಿಸ್ನಿಯ 1958ರ ಒಂದು ಚಿತ್ರದಿಂದ. ಚಿತ್ರಕ್ಕೆ ಆಸ್ಕರ್ ಕೂಡ ಬಂತು. 1982ರಲ್ಲಿ ಕೆನಡಾದ ಸಿಬಿಸಿ ಟಿ.ವಿ. ಕೆದಕಿ ನೋಡಿದರೆ, ಚಿತ್ರೀಕರಣ ನಡೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಲೆಮ್ಮಿಂಗ್‌ಗಳನ್ನು ಬೇರೆ ಪ್ರಾಂತ್ಯದಿಂದ ದುಡ್ಡು ಕೊಟ್ಟು ತರಿಸಿ, ಹಿಮ ಹರಡಿದ ತಿರುಗುವ ಹಲಗೆಯ ಮೇಲೆ ಓಡಿಸಿ, ಕೊನೆಗೆ ದಂಡೆಯಿಂದ ನದಿಗೆ ದೂಡಿದ್ದರು.

ನಂಬಬೇಡ ಅಂತ ನಾನು ಹೇಳುವುದಿಲ್ಲ. ನೋಡುವಾಗ ಕ್ಯಾಮೆರಾ ಎಲ್ಲಿ ಕೂತಿತ್ತು ಅಂತ ಕೇಳಿಕೋ. ಬಿಬಿಸಿಯ 2011ರ ಫ್ರೋಜನ್ ಪ್ಲಾನೆಟ್ ಸರಣಿಯಲ್ಲಿ ಹಿಮದ ಗುಹೆಯೊಳಗೆ ಕರಡಿಮರಿಗಳನ್ನು ತೋರಿಸಿದರು. ಕಾಡಿನ ಗುಹೆಯೊಳಗೆ ಮನುಷ್ಯ ಕ್ಯಾಮೆರಾ ಇಟ್ಟರೆ ತಾಯಿ ಮರಿಯನ್ನೂ ಕೊಲ್ಲಬಹುದು, ಇವನನ್ನೂ ಕೊಲ್ಲಬಹುದು. ಹಾಗಾದರೆ ಎಲ್ಲಿ ತೆಗೆದರು? ನೆದರ್ಲೆಂಡ್ಸ್‌ನ ಒಂದು ಮೃಗಾಲಯದಲ್ಲಿ. ಅದನ್ನು ಬಿಬಿಸಿ ತನ್ನ ಜಾಲತಾಣದಲ್ಲಿ ಹೇಳಿತ್ತು, ಪರದೆಯ ಮೇಲೆ ಹೇಳಲಿಲ್ಲ ಅಂತ ದೊಡ್ಡ ಗಲಾಟೆಯಾಯಿತು. ನನಗೆ ಆ ಗಲಾಟೆ ಸ್ವಲ್ಪ ಅತಿ ಅನ್ನಿಸಿತು. ಮರಿ ನಿಜ, ತಾಯಿ ನಿಜ. ಒಂದು ಸಾಲು ಬರೆದು ತೋರಿಸಿದ್ದರೆ ಮುಗಿಯುತ್ತಿತ್ತು.

● ಮಗ ಬೇರ್ ಗ್ರಿಲ್ಸ್‌ನ ಕಾಡುಸಾಹಸದ ಕಾರ್ಯಕ್ರಮ ನೋಡಿ ನೋಡಿ ಚಾರಣಕ್ಕೆ ಹೋದಲ್ಲೆಲ್ಲ ಹಳ್ಳದ ನೀರು ಕುಡಿಯುತ್ತಾನೆ, ಹಾವು ಕಚ್ಚಿದರೆ ವಿಷ ಹೀರಿ ಉಗಿಯಬೇಕು ಅನ್ನುತ್ತಾನೆ. ಏನು ಮಾಡಲಿ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ರಾಯರೇ, ಅವನನ್ನು ಕೂರಿಸಿಕೊಂಡು ಒಂದು ಕಂತು ನೋಡಿ. ಗ್ರಿಲ್ಸ್ ಬಂಡೆಯಿಂದ ಇಳಿಯುವುದನ್ನು ಕೆಳಗಿನಿಂದ ತೆಗೆದಿರುತ್ತಾರೆ. ಅಂದರೆ ಕ್ಯಾಮೆರಾದವನು ಅವನಿಗಿಂತ ಮೊದಲೇ, ಅಷ್ಟೂ ಭಾರ ಹೊತ್ತು, ಕೆಳಗೆ ಇಳಿದಾಗಿದೆ! 2007ರಲ್ಲಿ ಅವರು ಕೆಲವು ರಾತ್ರಿ ಹೋಟೆಲಿನಲ್ಲಿ ಮಲಗಿದ್ದು ಬಯಲಾಗಿ, ಬದುಕುಳಿಯುವ ಉಪಾಯ ತೋರಿಸಲೆಂದೇ ಕೆಲವು ಸಂದರ್ಭಗಳನ್ನು ಸಿದ್ಧಪಡಿಸಿದ್ದೇವೆ ಎಂಬ ಸೂಚನೆಯನ್ನು ಕಾರ್ಯಕ್ರಮಕ್ಕೆ ಸೇರಿಸಿದರು. 2020ರಲ್ಲಿ ಬಂಡೀಪುರಕ್ಕೆ ರಜನೀಕಾಂತ್ ಜೊತೆ ಬಂದಾಗಲೂ ಸುತ್ತ ದೊಡ್ಡ ತಂಡವೇ ಇತ್ತು.

ಹಳ್ಳದ ನೀರು ಕುಡಿದರೆ ಇಲಿಜ್ವರ, ಕಾಮಾಲೆ ಬರುತ್ತವೆ. ಕುದಿಸಿ ಕುಡಿಯಲಿ. ಹಾವು ಕಚ್ಚಿದರೆ ಹೀರುವುದೂ ಬೇಡ, ಕೊಯ್ಯುವುದೂ ಬೇಡ, ಬಿಗಿದು ಕಟ್ಟುವುದೂ ಬೇಡ. ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ.

● ಜೂನ್ ಬಂತೆಂದರೆ ಒಳ್ಳೆ ಕಾರ್ಯಕ್ರಮ ನಡೆಯುವಾಗಲೇ ‘ನೋ ಸಿಗ್ನಲ್’. ಕಂಪನಿಯವರಿಗೆ ಫೋನ್ ಮಾಡಿದರೆ ಮಳೆ ಸರ್ ಅಂತಾರೆ. ನೆಪವೋ ನಿಜವೋ?
— ಹೋಟೆಲ್ ಮಾಲೀಕರು, ಆಗುಂಬೆ

ಈ ಒಂದು ವಿಷಯದಲ್ಲಿ ಅವರು ಹೇಳಿದ್ದು ನಿಜ ಮಾರಾಯ್ರೆ. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳಲ್ಲಿ, ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಹನಿಯ ಮಳೆ ಅದನ್ನು ಹೀರುತ್ತದೆ, ಚೆದುರಿಸುತ್ತದೆ. ಉಪಗ್ರಹದಿಂದ 36,000 ಕಿ.ಮೀ. ಸುಸೂತ್ರವಾಗಿ ಬಂದದ್ದು ಕೊನೆಯ ನಾಲ್ಕೈದು ಕಿ.ಮೀ.ಯಲ್ಲಿ ಸೋಲುತ್ತದೆ. ಹಿಂದೆ ಶ್ರೀಮಂತರ ಮನೆ ಅಂಗಳದಲ್ಲಿ ಇರುತ್ತಿದ್ದ ಆಳೆತ್ತರದ ತಟ್ಟೆಗಳು ಸಿ ಬ್ಯಾಂಡಿನವು, ಅಲೆ ಉದ್ದ, ಮಳೆಗೆ ಅಷ್ಟು ಬಗ್ಗುತ್ತಿರಲಿಲ್ಲ. ನಿಮ್ಮದು ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಊರು. ದೊಡ್ಡ ತಟ್ಟೆ ಹಾಕಿಸಿ, ಆಗ್ನೇಯ ದಿಕ್ಕಿಗೆ ಅಡ್ಡ ಬರುವ ಕೊಂಬೆ, ಸೋಗೆ ಸವರಿಸಿ. ಕರೆಂಟೂ ಇದ್ದರೆ ಭಾಗ್ಯ.

● ಎಲ್ಲೋರದ ಕೈಲಾಸ ದೇವಾಲಯ ಕಟ್ಟಿದ್ದು ಅನ್ಯಗ್ರಹದವರು ಎಂದು ಒಂದು ಸರಣಿಯಲ್ಲಿ ತೋರಿಸಿದರು. ನಿಮ್ಮ ಅಭಿಪ್ರಾಯ?
— ನಿವೃತ್ತ ಶಿಕ್ಷಕರು, ಶಿಕಾರಿಪುರ

ಮೇಷ್ಟ್ರೇ, ಇದಕ್ಕೆ ನನಗೆ ಸಿಟ್ಟೇ ಬರುತ್ತದೆ. ಅದನ್ನು ಕಡೆಸಿದ್ದು ಎಂಟನೇ ಶತಮಾನದಲ್ಲಿ, ರಾಷ್ಟ್ರಕೂಟರ ಒಂದನೇ ಕೃಷ್ಣ. ಬೆಟ್ಟವನ್ನು ಮೇಲಿಂದ ಕೆಳಕ್ಕೆ ಕೊರೆಯುತ್ತ ಬಂದರು, ಸಾರ್ವೆ ಕಟ್ಟುವ ಗೋಜೂ ತಪ್ಪಿತು. ಉಳಿಯ ಗೆರೆಗಳು ಇವತ್ತಿಗೂ ಗೋಡೆಯ ಮೇಲಿವೆ, ಅರ್ಧಕ್ಕೆ ಬಿಟ್ಟ ಗುಹೆಗಳೂ ಅಲ್ಲೇ ಇವೆ. ಅದಕ್ಕೂ ಮೊದಲೇ ಪಟ್ಟದಕಲ್ಲಿನ ವಿರೂಪಾಕ್ಷ ಎದ್ದು ನಿಂತಿತ್ತು, ಎರಡರ ವಿನ್ಯಾಸ ಪಕ್ಕಪಕ್ಕ ಇಟ್ಟು ನೋಡಿ. ಆ ಸರಣಿಯವರ ಕ್ಯಾಮೆರಾ ಗೋಪುರದ ಮೇಲೆ ಡ್ರೋನ್ ಹಾರಿಸುತ್ತದೆ, ಉಳಿಗೆರೆಯ ಹತ್ತಿರ ಮಾತ್ರ ಹೋಗುವುದಿಲ್ಲ.

ನಿಮ್ಮ ತಾಲ್ಲೂಕಿನಲ್ಲೇ ತಾಳಗುಂದ ಇಟ್ಟುಕೊಂಡು ಎಲ್ಲೋರಕ್ಕೆ ಯಾಕೆ ಹೋಗುತ್ತೀರಿ? ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಮಯೂರಶರ್ಮನ ಕಥೆ ಬರೆದಿದ್ದಾನೆ. ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲ ಅಲ್ಲಿದೆ. ಅದೇ ಊರಿನಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹಮುಖದ ಕಟಕಟೆ) ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರ ಸುಮಾರಿನದು ಎಂದಿದೆ. ಹಾಗಾದರೆ ಅದರ ಕನ್ನಡ ಹಲ್ಮಿಡಿಗಿಂತ ಹಿಂದಿನದು. ಇದನ್ನು ಯಾರಾದರೂ ಚಿತ್ರ ಮಾಡಿದರೆ ರಟ್ಟಿನ ಕಿರೀಟ, ಹೊಗೆ ಯಂತ್ರ, ನಿಧಾನಗತಿಯ ಕುದುರೆ ಬೇಡ. ಸಂಜೆ ಓರೆಬಿಸಿಲು ಬಿದ್ದಾಗ ಕಂಬದ ಅಕ್ಷರ ಒಂದೊಂದಾಗಿ ಎದ್ದು ಬರುತ್ತವೆ. ಕ್ಯಾಮೆರಾ ಅಲ್ಲಿ ಇಟ್ಟು ಓದಬಲ್ಲವರಿಂದ ಓದಿಸಿದರೆ ಸಾಕು.

● ಕನ್ನಡದಲ್ಲಿ ಇಂಥ ಕಾರ್ಯಕ್ರಮ ಯಾಕೆ ಇಷ್ಟು ತಡವಾಗಿ ಬಂದವು?
— ಓದುಗರು, ಭದ್ರಾವತಿ

ಡಬ್ಬಿಂಗ್ ವಿರೋಧ. ಸಿನಿಮಾ ಉಳಿಸಲು ಕಟ್ಟಿದ ಬೇಲಿಯೊಳಗೆ ತಿಮಿಂಗಿಲವೂ ಸಿಕ್ಕಿಹಾಕಿಕೊಂಡಿತು. 2012ರಲ್ಲಿ ಆಮೀರ್ ಖಾನರ ಟಿ.ವಿ. ಕಾರ್ಯಕ್ರಮ ಸತ್ಯಮೇವ ಜಯತೆಯೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಈ ನಿರ್ಬಂಧ ಸರಿಯಲ್ಲ ಅಂದಮೇಲೆ ಬೇಲಿ ಸಡಿಲವಾಯಿತು. ಬ್ರಿಟನ್ನಿನ ನಿರೂಪಕ ಡೇವಿಡ್ ಅಟೆನ್‌ಬರೋ ದನಿಯ ವನ್ಯಜೀವಿ ಚಿತ್ರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಟಿ.ವಿ.ಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ಹೇಳಿದರು. ಕಡಲಾಚೆಯವರ ದನಿಗಿಂತ ನಮ್ಮ ಕರಾವಳಿಯ ದನಿ ನನಗೆ ಹತ್ತಿರವಾಯಿತು.

● ನಮ್ಮ ಸೊಪ್ಪಿನಬೆಟ್ಟದಲ್ಲಿ ಕಾಳಿಂಗ ದರಗು ಗುಡ್ಡೆ ಹಾಕಿ ಗೂಡು ಮಾಡಿದೆ. ಮೊಬೈಲಿನಲ್ಲಿ ಹತ್ತಿರದಿಂದ ವಿಡಿಯೋ ಮಾಡಿದರೆ ಚಾನೆಲ್‌ನವರು ತಗೊಳ್ತಾರಾ?
— ಯುವ ಕೃಷಿಕ, ಹೊಸನಗರ

ತಗೊಳ್ಳಲ್ಲ. ಹತ್ತಿರವೂ ಹೋಗಬೇಡ ಮಾರಾಯ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು ಮತ್ತು ಎರಡು ಮಂಡಲಗಳ ವಿಷಕ್ಕೆ ತಯಾರಿಸಿದ್ದು, ಕಾಳಿಂಗದ್ದು ಅದರಲ್ಲಿ ಸೇರಿಲ್ಲ.

ಆದರೆ ನೀನು ಪುಣ್ಯವಂತ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಮೈಯನ್ನೇ ಕೊಕ್ಕೆ ಮಾಡಿ ದರಗು ಎಳೆದು ಗುಡ್ಡೆ ಮಾಡುತ್ತದೆ, ಇಪ್ಪತ್ತು ಮೂವತ್ತು ಮೊಟ್ಟೆ ಇಟ್ಟು ಮೇಲೆ ಕಾವಲು ಕೂರುತ್ತದೆ. ಮೇಲಿನ ಎಲೆ ಎಷ್ಟು ಒತ್ತಾಗಿ ಕೂತಿರುತ್ತವೆ ಅಂದರೆ ಮುಂಗಾರಿನ ಮಳೆಗೂ ಒಳಗಿನ ಮೊಟ್ಟೆ ತೋಯುವುದಿಲ್ಲ. ಮರಿ ಒಡೆಯುವ ಮೊದಲೇ ತಾಯಿ ಹೊರಟುಹೋಗುತ್ತದೆ. ಅದು ರೇಗಿದರೆ ನಾಗರದ ಹಾಗೆ ಬುಸುಗುಟ್ಟುವುದಲ್ಲ, ನಾಯಿ ಗುರುಗುಟ್ಟಿದಂಥ ತಗ್ಗಿನ ಸದ್ದು. ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿದವರು ಆಮೇಲೆ ದರಗಿನ ಮೇಲೆ ನೋಡಿಕೊಂಡೇ ಕಾಲಿಡುತ್ತಾರೆ.

ಅರಣ್ಯ ಇಲಾಖೆಗೆ ತಿಳಿಸು. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ಮೇಲೆ ಈ ಭಾಗದ ಗೂಡುಗಳನ್ನು ಗಮನಿಸುವವರಿದ್ದಾರೆ. 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗವೇ ಒಂದು ಪ್ರತ್ಯೇಕ ಪ್ರಭೇದ ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಹಾಗಾಗಿ ನಿನ್ನ ಬೆಟ್ಟದ ಗೂಡಿನ ತಾರೀಕು, ಜಾಗ ಬರೆದಿಟ್ಟರೆ ವಿಡಿಯೋಗಿಂತ ಹೆಚ್ಚು ಬೆಲೆ.

● ನಿಮಗೆ ದುಡ್ಡು ಕೊಟ್ಟು ಶಿವಮೊಗ್ಗ ಜಿಲ್ಲೆಯ ಬಗ್ಗೆ ಒಂದೇ ಒಂದು ಚಿತ್ರ ಮಾಡಿ ಅಂದರೆ?
— ವೈದ್ಯರು, ಸೊರಬ

ಡಾಕ್ಟ್ರೇ, ನಿಮ್ಮ ತಾಲ್ಲೂಕಿನ ಕ್ಯಾಸನೂರು. ಜೋಗ ಅಲ್ಲ, ಆನೆ ಬಿಡಾರ ಅಲ್ಲ. 1957ರಲ್ಲಿ ಅಲ್ಲಿ ಮುಸುವಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೆ ಜ್ವರ. ಹಳದಿ ಜ್ವರ ಭಾರತಕ್ಕೆ ಬಂತೇನೋ ಎಂದು ಪುಣೆಯ ವೈರಸ್ ಕೇಂದ್ರದವರು ಗಾಬರಿಯಿಂದ ಓಡಿಬಂದರು. ನೋಡಿದರೆ ಉಣುಗಿನಿಂದ ಹರಡುವ ಹೊಸ ವೈರಸ್, ಅದೇ ನಮ್ಮ ಮಂಗನ ಕಾಯಿಲೆಯದು, ಹೋಲಿಕೆ ಮಾತ್ರ ರಷ್ಯಾದ ಒಂದು ಕಾಯಿಲೆಯ ವೈರಸ್‌ಗೆ. ಹಾಗಾದರೆ ಸೈಬೀರಿಯಾ ಕಡೆಯಿಂದ ವಲಸೆ ಬರುವ ಹಕ್ಕಿಗಳು ಉಣುಗು ಹೊತ್ತು ತಂದವೇ? ಈ ಅನುಮಾನದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಭಾರತದ ಹಕ್ಕಿ ವಲಸೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಅಲ್ಲಿಂದ ಬಂದದ್ದು. ದರಗು ತರಲು ಕಾಡಿಗೆ ಹೋಗುವ ಹೆಂಗಸಿನ ಕಾಲಿನ ಮಟ್ಟದಲ್ಲಿ ಕ್ಯಾಮೆರಾ ಇಟ್ಟು ಶುರುಮಾಡುತ್ತೇನೆ, ಕಾಯಿಲೆ ಹತ್ತುವುದು ಅಲ್ಲಿಂದಲೇ. ದುಡ್ಡು ಕೊಡುವವರನ್ನು ನೀವು ಹುಡುಕಿ.

● ನಮ್ಮ ತೋಟದಲ್ಲಿ ಶೂಟಿಂಗ್ ಮಾಡ್ತೀವಿ ಅಂತ ಬೆಂಗಳೂರಿನವರು ಬಂದಿದ್ದರು. ಏನು ಕೇಳಬೇಕು?
— ಅಡಿಕೆ ಬೆಳೆಗಾರರು, ಕಮ್ಮರಡಿ

ಪಕ್ಕದ ಕಾಡಿಗೂ ಕಾಲಿಡುವುದಾದರೆ ಇಲಾಖೆಯ ಅನುಮತಿ ಪತ್ರ ಕೇಳಿ, ಇಲ್ಲದಿದ್ದರೆ ಆಮೇಲೆ ನಿಮ್ಮ ಹೆಸರೂ ಬರುತ್ತದೆ. ಜನರೇಟರ್ ಎಲ್ಲಿ ಇಡುತ್ತಾರೆ ಕೇಳಿ. ಸಿಂಗಾರ ಬಿಡುವ ಕಾಲದಲ್ಲಿ ಮರ ಹತ್ತಲು ಬಿಡಬೇಡಿ. ಊಟ ನಮ್ಮ ಮನೆಯಲ್ಲೇ ಅಂದರೆ ತಲೆಗೆ ಇಷ್ಟು ಅಂತ ಮೊದಲೇ ಮಾತಾಡಿ, ಹತ್ತು ಜನ ಅಂದವರು ಇಪ್ಪತ್ತೈದು ಜನ ಬರುತ್ತಾರೆ. ಮುಂಗಡ ಇಸ್ಕೊಳ್ಳಿ.