ಡಿಸ್ನಿ ವರ್ಲ್ಡ್‌ನಲ್ಲಿ ಮಕ್ಕಳು, ಹಿರಿಯರು ಇರುವ ಸಸ್ಯಾಹಾರಿ ಕುಟುಂಬ ಊಟಕ್ಕೆ ಎಲ್ಲಿ ಕೂರಬೇಕು?

ಬುತ್ತಿ ಕಟ್ಟಿಕೊಂಡು ಹೋಗಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಆರ್ಲ್ಯಾಂಡೊಗೆ ಬರುತ್ತಿದ್ದೇವೆ, ನಾಲ್ಕು ಮತ್ತು ಎಂಟು ವರ್ಷದ ಮಕ್ಕಳಿದ್ದಾರೆ, ಜೊತೆಗೆ ಅತ್ತೆ-ಮಾವ ಇದ್ದಾರೆ, ಎಲ್ಲರೂ ಸಸ್ಯಾಹಾರಿಗಳು, ಹಿರಿಯರು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ನಾನು ಫ್ಲಾರಿಡಾದಲ್ಲೇ ಇರುವವಳು. ಊರಿನಿಂದ ಯಾರು ಬಂದರೂ ಅವರನ್ನು ಡಿಸ್ನಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ನಿಮ್ಮ ಅತ್ತೆಯವರು ಏನು ಕೇಳುತ್ತಾರೆ, ನಿಮ್ಮ ಚಿಕ್ಕವನು ಎಷ್ಟು ಹೊತ್ತಿಗೆ ರಚ್ಚೆ ಹಿಡಿಯುತ್ತಾನೆ ಎಂಬ ಅಂದಾಜು ನನಗಿದೆ.

ನಮ್ಮ ಕಡೆ ಇಂಥ ಪಾರ್ಕ್‌ಗಳ ಬಾಗಿಲಲ್ಲಿ ಚೀಲ ತಡಕಿ ತಿಂಡಿಯ ಡಬ್ಬಿಯನ್ನು ಹೊರಗಿಡಿಸುವುದು ರೂಢಿ. ಡಿಸ್ನಿ ವರ್ಲ್ಡ್‌ನಲ್ಲಿ ಹೊರಗಿನ ಆಹಾರಕ್ಕೆ ಅಡ್ಡಿಯಿಲ್ಲ. ಗಾಜಿನ ಡಬ್ಬಿ ಬೇಡ, ಮದ್ಯ ಬೇಡ, ಬಿಸಿ ಮಾಡಿಯೇ ತಿನ್ನಬೇಕಾದ ಪದಾರ್ಥ ಬೇಡ, ಘಾಟು ವಾಸನೆಯದು ಬೇಡ ಎನ್ನುವಷ್ಟೇ ಷರತ್ತು. ಚಪಾತಿ-ಪಲ್ಯ, ಪುಳಿಯೋಗರೆ, ಚಿತ್ರಾನ್ನ ಧಾರಾಳವಾಗಿ ಒಯ್ಯಬಹುದು. ಡಿಸೆಂಬರ್‌ನ ತಂಪಿನಲ್ಲಿ, ಹಾಲು ಹೆಚ್ಚು ಮೊಸರು ಕಡಿಮೆ ಹಾಕಿ ಕಲಸಿದ ಮೊಸರನ್ನವೂ ಮಧ್ಯಾಹ್ನದವರೆಗೆ ಹುಳಿಯಾಗುವುದಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಬಯಕೆಯನ್ನು ಮಾತ್ರ ಆ ದಿನಗಳ ಮಟ್ಟಿಗೆ ತಡೆದುಕೊಳ್ಳಿ.

ಇದಕ್ಕಾಗಿಯೇ ವಸತಿಯನ್ನು ಅಡುಗೆಮನೆ ಇರುವ ಕಡೆ ನೋಡಿ ಎನ್ನುತ್ತೇನೆ. ಪಕ್ಕದ ಕಿಸಿಮ್ಮಿಯಲ್ಲಿ ದಿನದ ಬಾಡಿಗೆಗೆ ಇಡೀ ಮನೆಗಳೇ ಸಿಗುತ್ತವೆ. ಆರು ಜನಕ್ಕೆ ಎರಡು ಹೋಟೆಲ್ ಕೋಣೆಗಳ ಬಾಡಿಗೆಯನ್ನೂ ಒಂದು ಮನೆಯ ಬಾಡಿಗೆಯನ್ನೂ ಹೋಲಿಸಿ ನೋಡಿ. ಬರುವಾಗ ಪುಳಿಯೋಗರೆ ಪುಡಿ, ಚಕ್ಕುಲಿ, ಕೋಡುಬಳೆ ತನ್ನಿ. ವಿಮಾನ ನಿಲ್ದಾಣದ ಸುಂಕದ ತಪಾಸಣೆಯಲ್ಲಿ ತಿನ್ನುವ ಪದಾರ್ಥ ಇದೆ ಎಂದು ಮೊದಲೇ ಹೇಳಿಬಿಡಿ. ಹಸಿ ಕರಿಬೇವನ್ನು ತರಲೇಬೇಡಿ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಕಿತ್ತಳೆ ತೋಟಗಳಿಗೆ ಹೆಸರಾದ ಈ ರಾಜ್ಯಕ್ಕೆ ಬರುವವರ ಚೀಲದಲ್ಲಿ ಅದು ಸಿಕ್ಕರೆ ನಗುನಗುತ್ತಾ ಒಳಗೆ ಬಿಡುವುದಿಲ್ಲ.

ಇನ್ನು ಅಲ್ಲಿಯೇ ಕೊಂಡು ತಿನ್ನುವ ಮಾತು. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಇಲ್ಲಿಲ್ಲ. ಬದಲಿಗೆ ಡಿಸ್ನಿಯ ಮೆನುಗಳಲ್ಲಿ 2019ರಿಂದ ಒಂದು ಎಲೆಯ ಗುರುತು ಬಂದಿದೆ. ಎರಡೂ ಒಂದೇ ಅಲ್ಲ. ಹಸಿರು ಚುಕ್ಕೆಯಲ್ಲಿ ಹಾಲು ಇರಬಹುದು. ಎಲೆಯ ಗುರುತಿನ ತಿನಿಸಿನಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇರುವುದಿಲ್ಲ. ಮೊಟ್ಟೆ ಬೇಡದ ನಿಮ್ಮ ಅತ್ತೆ-ಮಾವನವರಿಗೆ ಇದರಷ್ಟು ಭರವಸೆಯ ಗುರುತು ಬೇರೆ ಇಲ್ಲ. ಆದರೆ ಎಲೆ ಇಲ್ಲದ ತಿನಿಸೆಲ್ಲ ಮಾಂಸಾಹಾರವೆಂದೂ ಅಲ್ಲ. ಚೀಸ್ ಹಾಕಿದ ಪಿಜ್ಜಾಕ್ಕೆ ಎಲೆ ಸಿಗುವುದಿಲ್ಲ, ಆದರೂ ಮಕ್ಕಳು ತಿನ್ನಬಹುದು. ಸೂಪ್ ಮತ್ತು ಅನ್ನದ ವಿಷಯದಲ್ಲಿ ಮಾತ್ರ ಕೇಳಿಯೇ ಮುಂದುವರಿಯಿರಿ, ಅಮೆರಿಕದ ಅಡುಗೆಯಲ್ಲಿ ಅವುಗಳನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು. ಮಕ್ಕಳು ಕೈ ತೋರಿಸುವ ಮಾರ್ಷ್‌ಮೆಲೊ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಇನ್ನೊಂದು ಎಚ್ಚರಿಕೆ: ಸಸ್ಯಮೂಲದ ಬರ್ಗರ್‌ಗಳು ನೋಟದಲ್ಲೂ ರುಚಿಯಲ್ಲೂ ಮಾಂಸವನ್ನೇ ಹೋಲುತ್ತವೆ. ಅದನ್ನು ಹಿರಿಯರ ಮುಂದಿಟ್ಟು ‘ಇದು ತರಕಾರಿಯೇ’ ಎಂದು ವಾದಿಸಲು ಹೊರಟರೆ ಆ ಊಟ ಅಲ್ಲಿಗೇ ಮುಗಿಯುತ್ತದೆ.

ಯಾವ ಹೋಟೆಲ್ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಎನ್ನುವುದು ಮುಖ್ಯ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಡಿಸ್ನಿಯಲ್ಲಿ ವರ್ಷದ ಅತಿ ದಟ್ಟಣೆಯ ಕಾಲ. ಹನ್ನೆರಡರಿಂದ ಎರಡರವರೆಗೆ, ಮತ್ತೆ ಸಂಜೆ ಆರರ ಆಸುಪಾಸಿನಲ್ಲಿ ಒಂದು ಖಾಲಿ ಮೇಜು ಸಿಗುವುದೇ ಭಾಗ್ಯ. ಹನ್ನೊಂದಕ್ಕೆ ಊಟ, ನಾಲ್ಕೂವರೆಗೆ ಇನ್ನೊಂದು ಊಟ ಎಂದು ಇಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಉಣ್ಣುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಆ ಹೊತ್ತಿಗೆ ಮಕ್ಕಳು ಸ್ಟ್ರೋಲರ್‌ನಲ್ಲಿ ನಿದ್ದೆ ಹೋಗಿರುತ್ತಾರೆ. ನಮ್ಮ ದರ್ಶಿನಿಗಳಂತೆ ಕೌಂಟರ್‌ನಲ್ಲಿ ತಟ್ಟೆ ಪಡೆದು ನಾವೇ ಜಾಗ ಹುಡುಕಿ ಕೂರುವ ಹೋಟೆಲ್‌ಗಳೇ ಇಲ್ಲಿ ಹೆಚ್ಚು. ಅಲ್ಲೆಲ್ಲ ಡಿಸ್ನಿಯ ಆ್ಯಪ್‌ನಿಂದ ಮೊದಲೇ ಆರ್ಡರ್ ಮಾಡಿ, ಬಂದಿದ್ದೇವೆ ಎಂದು ಒತ್ತಿದ ಮೇಲೆ ತಟ್ಟೆ ಸಿದ್ಧವಾಗುತ್ತದೆ. ಬೆಳಗ್ಗೆ ಕಾಫಿ ಕುಡಿಯುವಾಗಲೇ ಹನ್ನೊಂದರ ಹೊತ್ತನ್ನು ಕಾಯ್ದಿರಿಸಿಬಿಡಿ. ಮಧ್ಯಾಹ್ನ ಹಸಿದ ಮೇಲೆ ನೋಡಿದರೆ ಆ್ಯಪ್ ಎರಡೂವರೆಯನ್ನು ತೋರಿಸಿದರೂ ಆಶ್ಚರ್ಯವಿಲ್ಲ. ಕುಡಿಯುವ ನೀರನ್ನು ಕೊಳ್ಳಬೇಡಿ, ಈ ಕೌಂಟರ್‌ಗಳಲ್ಲಿ ಕೇಳಿದರೆ ಒಂದು ಲೋಟ ಐಸ್ ನೀರನ್ನು ಬಿಟ್ಟಿಯಾಗಿ ಕೊಡುತ್ತಾರೆ.

ಡಿಸ್ನಿ ವರ್ಲ್ಡ್ ಎಂದರೆ ಒಂದಲ್ಲ, ನಾಲ್ಕು ಪಾರ್ಕ್‌ಗಳು: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಅನಿಮಲ್ ಕಿಂಗ್‌ಡಮ್, ಹಾಲಿವುಡ್ ಸ್ಟುಡಿಯೋಸ್. ಅವುಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ತೆರೆದ ಮೊದಲ ಪಾರ್ಕ್. ಚಿಕ್ಕವನಿಗೆ ಎಲ್ಲಕ್ಕಿಂತ ಹಿಡಿಸುವುದು ಇದೇ. ಅಲ್ಲಿ ಕಾಸ್ಮಿಕ್ ರೇಸ್ ಎಂಬ ದೊಡ್ಡ ಕೌಂಟರ್ ಹೋಟೆಲ್ ಇದೆ. ಅಡುಗೆ ಸಾಧಾರಣ, ಆದರೆ ಒಳಗೆ ವೇದಿಕೆಯ ಮೇಲೆ ಅನ್ಯಗ್ರಹದ ಯಂತ್ರಗೊಂಬೆಯೊಂದು ಕೀಬೋರ್ಡ್ ನುಡಿಸುತ್ತಾ ಹಾಡುತ್ತದೆ. ಮಗು ಅದನ್ನು ನೋಡುತ್ತಿರುವಾಗ ಬಾಯಿಗೆ ತುತ್ತು ಇಡುತ್ತಾ ಹೋದರೆ ತಟ್ಟೆ ಖಾಲಿಯಾಗಿರುತ್ತದೆ. ಪಿನೋಕಿಯೊ ವಿಲೇಜ್ ಹೌಸ್‌ನಲ್ಲಿ ಪಿಜ್ಜಾದಂಥ ತಿನಿಸು ಸಿಗುತ್ತದೆ, ಕಿಟಕಿಯ ಪಕ್ಕದ ಮೇಜು ಸಿಕ್ಕರೆ ಕೆಳಗೆ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಸವಾರಿಯ ದೋಣಿಗಳು ಸಾಗುವುದು ಕಾಣುತ್ತದೆ. ಕೊಲಂಬಿಯಾ ಹಾರ್ಬರ್ ಹೌಸ್‌ನ ಮಹಡಿ ಗದ್ದಲವಿಲ್ಲದ ಜಾಗ ಎಂದು ಎಲ್ಲರೂ ಹೊಗಳುತ್ತಾರೆ, ಅದು ನಿಜವೂ ಹೌದು. ಆದರೆ ಅಲ್ಲಿನ ಮುಖ್ಯ ಅಡುಗೆ ಮೀನು. ಆ ವಾಸನೆಯಲ್ಲಿ ನಿಮ್ಮ ಅತ್ತೆಯವರು ಮೊಸರನ್ನದ ಡಬ್ಬಿ ಬಿಚ್ಚುತ್ತಾರೆಂದು ನನಗೆ ಅನಿಸುವುದಿಲ್ಲ.

ಎಪ್ಕಾಟ್‌ನಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಭಾರತ ಅದರಲ್ಲಿಲ್ಲ. ಒಂದು ಸುತ್ತು ಹಾಕಲು ಸುಮಾರು ಎರಡು ಕಿಲೋಮೀಟರ್ ನಡೆಯಬೇಕು, ಹಿರಿಯರ ಮಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಟಲಿಯ ಮಂಟಪದ ವಿಯಾ ನಾಪೊಲಿಯಲ್ಲಿ ಒಳ್ಳೆಯ ಪಿಜ್ಜಾ ಇದೆ. ಅಷ್ಟು ದೂರ ಬೇಡವೆಂದರೆ ‘ದಿ ಲ್ಯಾಂಡ್’ ಕಟ್ಟಡಕ್ಕೆ ಹೋಗಿ. ಅಲ್ಲಿ ದೋಣಿಯಲ್ಲಿ ಕೂತು ಹಸಿರುಮನೆಗಳ ನಡುವೆ ಸಾಗುವ ಒಂದು ಸವಾರಿ ಇದೆ. ಹಾಗೆ ಬೆಳೆದ ತರಕಾರಿಗಳಲ್ಲಿ ಕೆಲವನ್ನು ಮೇಲಿನ ಗಾರ್ಡನ್ ಗ್ರಿಲ್‌ನ ಅಡುಗೆಗೆ ಬಳಸುತ್ತಾರೆ. ಆ ಹೋಟೆಲ್ ಕೂತಲ್ಲೇ ನಿಧಾನವಾಗಿ ತಿರುಗುತ್ತದೆ, ಮಿಕ್ಕಿ ಮೌಸ್ ಮತ್ತು ಚಿಪ್-ಡೇಲ್ ಅಳಿಲುಗಳು ಮೇಜಿನ ಬಳಿಗೇ ಬರುತ್ತವೆ. ಸಸ್ಯಾಹಾರ ಬೇಕೆಂದು ಮೊದಲೇ ಹೇಳಿದರೆ ಬೇರೆಯಾಗಿ ಮಾಡಿ ಕೊಡುತ್ತಾರೆ.

ಪಾತ್ರಗಳು ಬರುವ ಇಂಥ ಊಟವನ್ನು ಇಡೀ ಪ್ರವಾಸದಲ್ಲಿ ಒಮ್ಮೆ ಮಾಡಿ, ಸಾಕು. ದುಬಾರಿ. ಮೂರರಿಂದ ಒಂಬತ್ತು ವರ್ಷದವರಿಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ನಾಲ್ಕು ವರ್ಷದವನು ಎರಡು ತುತ್ತು ತಿಂದರೂ ಪೂರ್ತಿ ಮಕ್ಕಳ ದರ ಕೊಡಬೇಕು. ಆದರೆ ಆ ಒಂದು ಊಟವನ್ನು ತಪ್ಪಿಸಬೇಡಿ. ಹೊರಗೆ ಬಿಸಿಲಲ್ಲಿ ಸಾಲು ನಿಂತು ಮಿಕ್ಕಿಯ ಜೊತೆ ಫೋಟೊ ತೆಗೆಸಿಕೊಳ್ಳುವ ಬದಲು ಕೂತಲ್ಲಿಗೇ ಮಿಕ್ಕಿ ಬರುತ್ತದೆ, ಹಿರಿಯರ ಕಾಲಿಗೂ ವಿಶ್ರಾಂತಿ.

ಇಂಥ ಜಾಗಗಳನ್ನು 60 ದಿನ ಮೊದಲೇ ಕಾಯ್ದಿರಿಸಬಹುದು. ನಿಮ್ಮ ದಿನಾಂಕಗಳಿಗೆ ಅದು ಅಕ್ಟೋಬರ್ ಕೊನೆಗೆ ಬರುತ್ತದೆ. ಇಲ್ಲಿ ಬೆಳಗಿನ ಆರಕ್ಕೆ ಬುಕಿಂಗ್ ತೆರೆಯುವ ಹೊತ್ತಿಗೆ ನಿಮಗೆ ಮಧ್ಯಾಹ್ನ ಮೂರೂವರೆ. ನಾವು ಕಣ್ಣುಜ್ಜುತ್ತಾ ಎದ್ದು ಪರದಾಡುವಾಗ ನೀವು ಕಚೇರಿಯ ಚಹಾ ಬಿಡುವಿನಲ್ಲೇ ಕೆಲಸ ಮುಗಿಸಬಹುದು. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅದೇ ಹೊತ್ತು ನಿಮಗೆ ನಾಲ್ಕೂವರೆ. ಬರಲಾಗದಿದ್ದರೆ ಮರೆಯದೆ ರದ್ದು ಮಾಡಿ. ಹೇಳದೆ ತಪ್ಪಿಸಿದರೆ ಬಹುತೇಕ ಕಡೆ ತಲೆಗೆ 10 ಡಾಲರ್ ದಂಡ ಕಟ್ಟಬೇಕಾಗುತ್ತದೆ. ನೀವು ಆರು ಜನ ಇರುವುದರಿಂದ ಬಡಿಸುವವರಿರುವ ಹೋಟೆಲ್‌ಗಳಲ್ಲಿ ಬಿಲ್ಲಿಗೆ ಶೇ 18ರಷ್ಟು ಟಿಪ್ ತಾನಾಗಿಯೇ ಸೇರಿರುತ್ತದೆ. ನೋಡದೆ ಅದರ ಮೇಲೆ ಇನ್ನೊಮ್ಮೆ ಟಿಪ್ ಬರೆಯಬೇಡಿ.

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಅನಿಮಲ್ ಕಿಂಗ್‌ಡಮ್ ಪಾರ್ಕಿನಲ್ಲಿ ಏಷ್ಯಾದ ಭಾಗಕ್ಕೆ ಆನಂದಪುರ ಎಂದು ಹೆಸರಿಟ್ಟಿದ್ದಾರೆ. ಮಹಾರಾಜರ ಹೆಸರಿನ ಕಾಡುದಾರಿ ಇದೆ, ಪಾಳುಬಿದ್ದ ಅರಮನೆಯ ಗೋಡೆಗಳಿವೆ, ಹುಲಿ ಇದೆ. ಇಷ್ಟೆಲ್ಲ ನೋಡಿ ಮೂಲೆಯಲ್ಲೆಲ್ಲೋ ಮಸಾಲೆ ದೋಸೆಯೂ ಇರಬಹುದೆಂದು ಮಾವನವರು ಆಸೆಪಟ್ಟರೆ ಅವರ ತಪ್ಪಲ್ಲ. ಆದರೆ ಅಲ್ಲಿನ ಯಾಕ್ ಆ್ಯಂಡ್ ಯೆಟಿಯಲ್ಲಿ ಚೀನಾದ ಕಡೆಗೆ ವಾಲಿದ ಅಡುಗೆಯೇ ಹೆಚ್ಚು. ಅದೇ ಪಾರ್ಕಿನ ಪಂಡೋರ ಭಾಗದಲ್ಲಿರುವ ಸಟುಲಿ ಕ್ಯಾಂಟೀನ್ ನಮ್ಮವರಿಗೆ ವಾಸಿ. ಬಟ್ಟಲಿನಲ್ಲಿ ಅನ್ನ, ಕಾಳು, ಅದರ ಮೇಲೆ ಖಾರ ಹಚ್ಚಿ ಕರಿದ ತೋಫು, ಅಂದರೆ ಸೋಯಾ ಪನೀರ್. ಉಪ್ಪಿನಕಾಯಿಯ ಒಂದು ಪುಟ್ಟ ಪೊಟ್ಟಣ ನಿಮ್ಮ ಚೀಲದಲ್ಲಿದ್ದರೆ ಅದು ಪೂರ್ತಿ ಊಟವಾಗುತ್ತದೆ. ಈ ಪಾರ್ಕಿನಲ್ಲಿ ಪ್ರಾಣಿಗಳ ಸುರಕ್ಷತೆಗಾಗಿ ಪ್ಲಾಸ್ಟಿಕ್ ಸ್ಟ್ರಾ, ಲೋಟದ ಮುಚ್ಚಳ ಕೊಡುವುದಿಲ್ಲ. ಚಿಕ್ಕವನ ಮುಚ್ಚಳದ ಬಾಟಲಿಯನ್ನು ಮನೆಯಿಂದಲೇ ಒಯ್ಯಿರಿ, ಇಲ್ಲದಿದ್ದರೆ ಹಣ್ಣಿನ ರಸ ಅವನ ಅಂಗಿಯ ಮೇಲಿರುತ್ತದೆ.

ಆದರೆ ಆ ದಿನ ಊಟಕ್ಕೆ ಪಾರ್ಕಿನೊಳಗೇ ಇರಬೇಡಿ. ಬಾಗಿಲಿನಿಂದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ ಡಿಸ್ನಿಯ ಬಸ್ಸು ಹೋಗುತ್ತದೆ. ಅದರ ಕಿಡಾನಿ ವಿಲೇಜ್ ಎಂಬ ಭಾಗದಲ್ಲಿ ಸನಾ ಎಂಬ ಹೋಟೆಲ್ ಇದೆ. ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆತ ಜಾಗ. ಅಲ್ಲಿಗೆ ಹೋಗಲು ಪಾರ್ಕಿನ ಟಿಕೆಟ್ ಬೇಕಿಲ್ಲ. ಅವರ ‘ಬ್ರೆಡ್ ಸರ್ವಿಸ್’ ಕೇಳಿ. ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠದಂಥ ರೊಟ್ಟಿಗಳು, ಅವುಗಳ ಜೊತೆಗೆ ಒಂಬತ್ತು ಬಗೆಯ ನಂಚಿಕೆಗಳು: ಸೌತೆಕಾಯಿ ರಾಯತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ಹೀಗೆ. ದಿನಗಟ್ಟಲೆ ಪಿಜ್ಜಾ ನೋಡಿ ಬೇಸತ್ತ ಹಿರಿಯರ ಮುಖ ಕೊತ್ತಂಬರಿ ಚಟ್ನಿಯನ್ನು ಕಂಡಾಗ ಅರಳುವುದನ್ನು ನೋಡಬೇಕು. ನಾನ್‌ನಲ್ಲಿ ಮೊಟ್ಟೆ ಹಾಕುತ್ತಾರೆಯೇ ಎಂದು ಆರ್ಡರ್ ಕೊಡುವಾಗಲೇ ವಿಚಾರಿಸಿಕೊಳ್ಳಿ. ಕಿಟಕಿಯ ಆಚೆ ಹುಲ್ಲುಗಾವಲು, ಅಲ್ಲಿ ಜಿರಾಫೆ, ಜೀಬ್ರಾಗಳು ಓಡಾಡುತ್ತಿರುತ್ತವೆ. ಮಕ್ಕಳು ಊಟದ ನಡುವೆ ಹತ್ತು ಸಲ ಎದ್ದು ಕಿಟಕಿಗೆ ಓಡಿದರೂ ಯಾರೂ ಹುಬ್ಬುಗಂಟಿಕ್ಕುವುದಿಲ್ಲ, ಅಲ್ಲಿರುವ ಎಲ್ಲರ ಮಕ್ಕಳೂ ಅದನ್ನೇ ಮಾಡುತ್ತಿರುತ್ತಾರೆ. ಡಿಸೆಂಬರ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಆಮೇಲೆ ಹೋದರೆ ಕಿಟಕಿಯಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವಿನ ಹೊತ್ತು ಸಿಕ್ಕರೆ ಬಿಡಬೇಡಿ.

ಹಾಲಿವುಡ್ ಸ್ಟುಡಿಯೋಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಸ್ಯಾಹಾರಿಗಳ ಮಟ್ಟಿಗೆ ನಾಲ್ಕರಲ್ಲಿ ನನಗೆ ಕೊನೆಯದು ಅದು. ಬುತ್ತಿಯನ್ನು ಆ ದಿನಕ್ಕೆ ತಪ್ಪದೆ ಇಟ್ಟುಕೊಳ್ಳಿ. ಎಂಟು ವರ್ಷದವರಿಗೆ ಸೈ-ಫೈ ಡೈನ್-ಇನ್ ಖುಷಿ ಕೊಡಬಹುದು, ಕತ್ತಲ ಸಭಾಂಗಣದಲ್ಲಿ ಹಳೆಯ ಕಾರಿನಾಕಾರದ ಮೇಜುಗಳಲ್ಲಿ ಕೂತು ಹಳೆಯ ಸಿನಿಮಾ ತುಣುಕುಗಳನ್ನು ನೋಡುತ್ತಾ ತಿನ್ನುವುದು. ಆದರೆ ಎಲ್ಲರೂ ಪರದೆಯತ್ತ ಮುಖ ಮಾಡಿ ಸಾಲಾಗಿ ಕೂರಬೇಕು, ಅತ್ತೆ-ಮಾವನವರೊಂದಿಗೆ ಮಾತಾಡುತ್ತಾ ಉಣ್ಣುವುದಕ್ಕೆ ಆಗುವುದಿಲ್ಲ.

ನಾಲ್ಕೂ ಪಾರ್ಕ್‌ಗಳಲ್ಲಿ ಬೇಬಿ ಕೇರ್ ಸೆಂಟರ್ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದು ಕ್ರಿಸ್ಟಲ್ ಪ್ಯಾಲೆಸ್ ಪಕ್ಕ. ನಿಮ್ಮ ಮಕ್ಕಳು ಹಸುಗೂಸುಗಳಲ್ಲದಿದ್ದರೂ ಚಿಕ್ಕವನಿಗೆ ಗದ್ದಲ ವಿಪರೀತವಾದಾಗ ಕೂರಿಸಿ ನಾಲ್ಕು ತುತ್ತು ತಿನ್ನಿಸಲು ತಂಪಾದ ಜಾಗ.

ಇನ್ನು ಮಾವನವರ ಕಾಫಿ. ನೀವು ಕೇಳಿಲ್ಲ, ಆದರೆ ಬೆಂಗಳೂರಿನಿಂದ ಬಂದವರು ಎರಡನೆಯ ದಿನ ಕೇಳುವುದು ಅದನ್ನೇ. ನಾಲ್ಕೂ ಪಾರ್ಕ್‌ಗಳಲ್ಲಿ ಸ್ಟಾರ್‌ಬಕ್ಸ್ ಇದೆ, ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದು ಮೇನ್ ಸ್ಟ್ರೀಟ್ ಬೇಕರಿಯ ಒಳಗೆ. ಬರೀ ಕಾಫಿ ಎಂದರೆ ಲೋಟದ ತುಂಬ ಕಪ್ಪು ನೀರು ಬರುತ್ತದೆ. ಚಿಕ್ಕ ಲ್ಯಾಟೆ ತೆಗೆದುಕೊಂಡು ಇನ್ನೊಂದು ಶಾಟ್ ಹೆಚ್ಚಿಗೆ ಹಾಕಿಸಿ, ಹಾಲು ಜಾಸ್ತಿ ಬಿಸಿ ಇರಲಿ ಎನ್ನಿ, ಸಕ್ಕರೆಯನ್ನು ನೀವೇ ಬೆರೆಸಿ. ಚಿಕೋರಿ ಇರುವುದಿಲ್ಲ. ಅದಿಲ್ಲದೆ ಆಗುವುದೇ ಇಲ್ಲ ಎನ್ನುವವರಾದರೆ ಸಣ್ಣ ಫಿಲ್ಟರನ್ನೂ ಪುಡಿಯನ್ನೂ ಊರಿನಿಂದಲೇ ತನ್ನಿ. ರಾತ್ರಿ ಮನೆಯಲ್ಲಿ ಡಿಕಾಕ್ಷನ್ ಇಳಿಸಿಟ್ಟು, ಬೆಳಗ್ಗೆ ಹೊರಡುವ ಮೊದಲು ಒಂದು ಲೋಟ ಕೊಟ್ಟರೆ ಸಂಜೆಯವರೆಗೆ ಯೋಚನೆಯಿಲ್ಲ.